ಅಮೆರಿಕದ ಸರ್ಕಾರಿ ಕಾಡಿನಲ್ಲಿ ಜಿಂಕೆ ಶಿಕಾರಿ: ಮೊದಲು ಹೊರುವ ಲೆಕ್ಕ

"ಇಲ್ಲಿ ಸರ್ಕಾರಿ ಕಾಡಿಗೇ ಹೋಗಿ ಜಿಂಕೆ ಹೊಡೆಯಬಹುದಂತೆ, ನಾಲ್ಕು ದಿನ ಒಳಗೇ ಟೆಂಟ್ ಹಾಕಿಕೊಂಡು ಇರಬಹುದಂತೆ. ಎಲ್ಲಿಂದ ಶುರು ಮಾಡೋದು? ಯಾವ ಕೋವಿ ತಗೊಳ್ಳೋದು?" ಕೊಲೊರಾಡೊದಲ್ಲಿರುವ ಕನ್ನಡಿಗರು, ಅದರಲ್ಲೂ ಮಲೆನಾಡು, ಕೊಡಗಿನ ಕಡೆಯವರು, ಸೆಪ್ಟೆಂಬರ್ ಬಂತೆಂದರೆ ಈ ಪ್ರಶ್ನೆ ಕೇಳುತ್ತಾರೆ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಎನ್ನುವುದು ಅಜ್ಜಂದಿರ ಕಥೆಯಲ್ಲಷ್ಟೇ ಉಳಿದಿದೆ, ಹಾಗಾಗಿ ಕುತೂಹಲ ಸಹಜ. ಉತ್ತರದ ಅರ್ಧ ಭಾಗ ಬೇಸರದ್ದು: ಸೆಪ್ಟೆಂಬರಿನಲ್ಲಿ ಕೇಳಿದರೆ ಆ ವರ್ಷದ ಮಟ್ಟಿಗೆ ಹೆಚ್ಚುಕಡಿಮೆ ತಡವಾಗಿದೆ. ಉಳಿದರ್ಧ: ಕೋವಿ ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ಬಿದ್ದ ಜಿಂಕೆಯನ್ನು ಕೆಡುವ ಮೊದಲು ಎಷ್ಟು ದೂರ ಹೊತ್ತು ತರಬಲ್ಲಿರಿ ಎನ್ನುವುದು. ದಿನ, ಜಾಗ, ಟೆಂಟು, ಎಲ್ಲವೂ ಅದಕ್ಕೆ ಉತ್ತರ ಸಿಕ್ಕಮೇಲೆ ತಾವಾಗಿಯೇ ನಿರ್ಧಾರವಾಗುತ್ತವೆ.

ಕೊಲೊರಾಡೊದ ಬೆಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಮ್ಯೂಲ್ ಡೀರ್. ಹೇಸರಗತ್ತೆಯಂಥ ದೊಡ್ಡ ಕಿವಿ ಇರುವುದರಿಂದ ಆ ಹೆಸರು. ನಮ್ಮ ಚುಕ್ಕೆ ಜಿಂಕೆಗಿಂತ ಒಂದು ಕೈ ದೊಡ್ಡದು, ಕಡವೆಗಿಂತ ಚಿಕ್ಕದು. ಬಲಿತ ಗಂಡು 70ರಿಂದ 100 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದ ಮೇಲೆ 25ರಿಂದ 35 ಕಿಲೋ ಮಾಂಸ. ನಿಮ್ಮ ಟೆಂಟು, ಹಾಸಿಗೆ, ಊಟ, ನೀರು ಸೇರಿ ಇನ್ನೊಂದು 20 ಕಿಲೋ, ಅದರ ಮೇಲೆ ನಾಲ್ಕು ಕಿಲೋ ಕೋವಿ. ಒಂದೇ ಸಲಕ್ಕೆ ಆಗುವ ಮಾತಲ್ಲ. ಗಾಡಿಯಿಂದ ಐದು ಕಿಲೋಮೀಟರ್ ಒಳಗೆ ಒಬ್ಬರೇ ಇದ್ದರೆ ಮಾಂಸ ಹೊತ್ತು ಐದು, ಬರಿಗೈಯಲ್ಲಿ ವಾಪಸ್ ಐದು, ಸಾಮಾನು ಹೊತ್ತು ಮತ್ತೆ ಐದು, ಒಟ್ಟು ಹದಿನೈದು ಕಿಲೋಮೀಟರ್. ಅದೂ ಹತ್ತು ಸಾವಿರ ಅಡಿ ಎತ್ತರದಲ್ಲಿ, ದಾರಿಯಿಲ್ಲದ ಇಳಿಜಾರಿನಲ್ಲಿ, ಬಿದ್ದ ಮರ ದಾಟುತ್ತಾ. ಅದಕ್ಕೇ ಒಬ್ಬಂಟಿಗೆ ನಾಲ್ಕೈದು ಕಿಲೋಮೀಟರೇ ಗಡಿ. ಗಟ್ಟಿ ಜೊತೆಗಾರ ಇದ್ದರೆ ಏಳೆಂಟು. ದೂರಕ್ಕಿಂತ ಏರಿಳಿತ ಮುಖ್ಯ: ಗಾಡಿ ಕೆಳಗೆ, ಬೇಟೆ ಮೇಲೆ ಇರಬೇಕು. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಕಣಿವೆಗೆ ಇಳಿದು ಹೊಡೆದವರು ಸಂಜೆ 35 ಕಿಲೋ ಹೊತ್ತು ಅದೇ ಕಣಿವೆ ಹತ್ತಬೇಕು. ಕೈಗಾಡಿ ತರ್ತೀನಿ ಅನ್ನುವವರಿಗೆ ಒಂದು ಮಾತು: ನಕ್ಷೆಯಲ್ಲಿ 'ವಿಲ್ಡರ್ನೆಸ್' ಎಂದು ಗುರುತು ಮಾಡಿದ ಕಡೆ ಚಕ್ರವಿರುವುದು ಯಾವುದೂ ಹೋಗುವಂತಿಲ್ಲ, ಸೈಕಲ್ಲೂ ಇಲ್ಲ, ಮಾಂಸದ ಕೈಗಾಡಿಯೂ ಇಲ್ಲ. ಕುದುರೆ ಹೋಗಬಹುದು. ಬಾಡಿಗೆಗೆ ಮಾಂಸ ಇಳಿಸಿಕೊಡುವ, ಪರವಾನಗಿ ಇರುವ ಕುದುರೆಯವರ ನಂಬರನ್ನು ಹೊರಡುವ ಮೊದಲೇ ಬರೆದುಕೊಂಡಿರಿ.

ಕಾಗದಪತ್ರದ ಕಥೆ ಹೀಗಿದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರೂ ಹಂಟರ್ ಎಜುಕೇಶನ್ ಎಂಬ ಬೇಟೆ ತರಬೇತಿ ಪಾಸಾಗಿರಬೇಕು. ಬೆಟ್ಟದ ಕಡೆಯ ಜಿಂಕೆ ಲೈಸೆನ್ಸು ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವುದಿಲ್ಲ, ಲಾಟರಿಯಲ್ಲಿ ಸಿಗುತ್ತದೆ. ರಾಜ್ಯವನ್ನು ಗೇಮ್ ಮ್ಯಾನೇಜ್‌ಮೆಂಟ್ ಯೂನಿಟ್‌ಗಳಾಗಿ, ಅಂದರೆ ಬೇಟೆಯ ವಲಯಗಳಾಗಿ, ಹಂಚಿದ್ದಾರೆ. ಯಾವ ಯೂನಿಟ್, ಯಾವ ಸೀಸನ್, ಗಂಡೋ ಹೆಣ್ಣೋ ಎಂದು ಬರೆದು ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಬೇಕು. ಸಿಗದಿದ್ದರೆ ಒಂದು ಪಾಯಿಂಟ್ ಸಿಗುತ್ತದೆ, ಮುಂದಿನ ವರ್ಷ ಸಾಲಿನಲ್ಲಿ ಮುಂದೆ ಹೋಗುತ್ತೀರಿ. ಹಿಂದಿನ ವರ್ಷ ಯಾವ ಯೂನಿಟ್‌ಗೆ ಎಷ್ಟು ಪಾಯಿಂಟ್ ಬೇಕಾಯಿತು ಎಂಬ ಪಟ್ಟಿಯನ್ನು ರಾಜ್ಯದ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯೇ ಹಾಕುತ್ತದೆ. ಹೊಸಬರು ದೊಡ್ಡ ಕೊಂಬಿನ ಆಸೆಗೆ ಹೆಸರುವಾಸಿ ಯೂನಿಟ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ಸೊನ್ನೆ ಪಾಯಿಂಟಿಗೆ ಸಿಗುವ ಯೂನಿಟ್‌ನಲ್ಲಿ ಎರಡು ವರ್ಷ ಸುತ್ತಾಡಿದವರಿಗೆ ಅಷ್ಟರಲ್ಲಿ ಕೆಲಸ ಬಂದಿರುತ್ತದೆ. ಹೊರರಾಜ್ಯದವರಿಗೆ ಶುಲ್ಕ ಸ್ಥಳೀಯರಿಗಿಂತ ಸುಮಾರು ಹತ್ತು ಪಟ್ಟು.

ನಮ್ಮವರಿಗೆ ಇದಕ್ಕಿಂತ ಮುಖ್ಯವಾದದ್ದು ವೀಸಾ. ಎಚ್-1ಬಿ, ಎಲ್-1, ಎಫ್-1, ಇವರ ಮೇಲೆ ಅವಲಂಬಿತರಾಗಿ ಬಂದವರು, ಹೀಗೆ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು ಕೈಯಲ್ಲಿರುವುದು. ಆದ್ದರಿಂದ ಮೊದಲು ಲೈಸೆನ್ಸು, ಆಮೇಲೆ ಕೋವಿ. ಲೈಸೆನ್ಸಿನ ಅವಧಿ ಮುಗಿದ ದಿನ ಕಪಾಟಿನಲ್ಲಿ ಸುಮ್ಮನೆ ಕೂತ ಕೋವಿಯೂ ನಿಮ್ಮನ್ನು ಸಿಕ್ಕಿಸಬಹುದು. ಗೆಳೆಯನ ಕೋವಿ ಎರವಲು ತಂದರೂ ಇದೇ ನಿಯಮ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ವೀಸಾ ವಿಷಯದಲ್ಲಿ ಸಣ್ಣ ಅನುಮಾನವಿದ್ದರೂ ವಕೀಲರಿಗೆ ಒಂದು ಗಂಟೆಯ ಫೀಸು ಕೊಡುವುದು ಅಗ್ಗ.

ಸರ್ಕಾರಿ ಭೂಮಿಗೇನೂ ಬರವಿಲ್ಲ. ಇಡೀ ದೇಶದಲ್ಲಿ ಫಾರೆಸ್ಟ್ ಸರ್ವಿಸ್ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ, ಅದರಲ್ಲಿ ಬಹುಪಾಲು ಬೇಟೆಗೆ ತೆರೆದಿದೆ. ಬರ ಇರುವುದು ದಾರಿಗೆ. ಕೊಲೊರಾಡೊದಲ್ಲಿ ಖಾಸಗಿ ಜಮೀನಿನವನು ಬೇಲಿಗೆ ಬೋರ್ಡ್ ಹಾಕಲೇಬೇಕೆಂದಿಲ್ಲ. ಬೋರ್ಡ್ ಇಲ್ಲವೆಂದು ಒಳಗೆ ಕಾಲಿಟ್ಟರೆ ತಪ್ಪು ನಿಮ್ಮದೇ. ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸ್ಟೇಟ್ ಟ್ರಸ್ಟ್ ಭೂಮಿ ಸರ್ಕಾರದ್ದೇ ಆದರೂ, ಸಾರ್ವಜನಿಕ ಪ್ರವೇಶ ಯೋಜನೆಗೆ ಸೇರಿಸಿದ ತುಂಡುಗಳು ಮಾತ್ರ ಬೇಟೆಗೆ ತೆರೆದಿರುತ್ತವೆ. ಹೊಸಬರು ಎಡವುವ ಜಾಗ ಇದು. ಇನ್ನು ಚದುರಂಗದ ಮಣೆಯಂತೆ ಒಂದು ಚೌಕ ಸರ್ಕಾರದ್ದು, ಪಕ್ಕದ್ದು ಖಾಸಗಿ ಎಂದಿರುವ ಕಡೆ, ಖಾಸಗಿ ನೆಲ ಮುಟ್ಟದೆ ಒಂದು ಸರ್ಕಾರಿ ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ ದಾಟುವ ವಿಚಾರ. 19ನೇ ಶತಮಾನದಲ್ಲಿ ರೈಲು ಕಂಪನಿಗಳಿಗೆ ಭೂಮಿ ಕೊಟ್ಟ ರೀತಿಯಿಂದ ಉಳಿದ ತಲೆನೋವು. ವಯೋಮಿಂಗಿನ ಎಲ್ಕ್ ಮೌಂಟನ್ ಬಳಿ ಹಾಗೆ ದಾಟಿದ ಮಿಸೌರಿಯ ನಾಲ್ವರು ಬೇಟೆಗಾರರ ಮೊಕದ್ದಮೆಯಲ್ಲಿ 10ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಹಾಗೆಂದು ಮೊದಲ ಪ್ರವಾಸದಲ್ಲೇ ಮೂಲೆ ದಾಟುವ ಉಸಾಬರಿ ಬೇಡ. ಜಮೀನಿನ ಗಡಿ ತೋರಿಸುವ ಆನ್‌ಎಕ್ಸ್‌ನಂಥ ಆಪ್‌ನಲ್ಲಿ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಯಾವ ರಸ್ತೆಯಲ್ಲಿ ಗಾಡಿ ಹೋಗಬಹುದು, ಯಾವ ತಿಂಗಳಲ್ಲಿ ಅದು ಮುಚ್ಚುತ್ತದೆ ಎನ್ನುವುದಕ್ಕೆ ಫಾರೆಸ್ಟ್ ಸರ್ವಿಸ್‌ನ ಉಚಿತ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ನೋಡಿ.

ರೈಫಲ್ ಸೀಸನ್‌ಗಳಲ್ಲಿ ಮೊದಲನೆಯದು ಎಲ್ಕ್ ಎಂಬ, ಜಿಂಕೆ ಕುಲದ ದೊಡ್ಡ ಪ್ರಾಣಿಗೆ ಮೀಸಲು. ಜಿಂಕೆಗೆ ಅಕ್ಟೋಬರ್ ಕೊನೆಯ ಎರಡನೇ ಸೀಸನ್, ನವೆಂಬರಿನ ಮೂರನೆಯದು, ಕೆಲವೆಡೆ ನಾಲ್ಕನೆಯದು. ಬೇಸಿಗೆಯಲ್ಲಿ ಹನ್ನೊಂದು ಸಾವಿರ ಅಡಿಯ ಹುಲ್ಲುಗಾವಲಿನಲ್ಲಿ ಮೇಯುವ ಗಂಡುಗಳು ಹಿಮ ಬಿದ್ದಂತೆಲ್ಲ ಕೆಳಗಿಳಿಯುತ್ತವೆ, ನವೆಂಬರ್ ಮಧ್ಯದ ಹೊತ್ತಿಗೆ ಬೆದೆ ಶುರುವಾಗುತ್ತದೆ. ಜುಲೈನಲ್ಲಿ ನೋಡಿಟ್ಟ ಗಂಡು ಅಕ್ಟೋಬರಿನಲ್ಲಿ ಅಲ್ಲೇ ಇರುತ್ತದೆಂದು ನಂಬಿ ಹೋದವರು ಬರಿಗೈಯಲ್ಲಿ ಬರುತ್ತಾರೆ. ಬೇಸಿಗೆ ಮೇವಿನ ಜಾಗಕ್ಕೂ ಚಳಿಗಾಲದ ಜಾಗಕ್ಕೂ ನಡುವಿನ ಏಣುಗಳನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡು, ಒಂದು ಎತ್ತರ ಖಾಲಿ ಇದ್ದರೆ ಸಾವಿರ ಅಡಿ ಕೆಳಗಿನದಕ್ಕೆ ಹೋಗುವ ಎರಡನೇ ಯೋಜನೆ ಕೈಯಲ್ಲಿಟ್ಟುಕೊಳ್ಳಿ.

ಟೆಂಟ್ ಹಾಕುವ ಜಾಗ ಹಳ್ಳದ ತಳ ಅಲ್ಲ. ರಾತ್ರಿ ತಣ್ಣನೆ ಗಾಳಿ ಇಳಿದು ಅಲ್ಲೇ ಮಡುಗಟ್ಟುತ್ತದೆ. ನೂರಡಿ ಮೇಲಿನ ಸಮತಟ್ಟು ಅದಕ್ಕಿಂತ ಬೆಚ್ಚಗಿರುತ್ತದೆ. ತಲೆಯ ಮೇಲೆ ನೋಡಿ: ತೊಗಟೆಹುಳ ತಿಂದು ನಿಂತಲ್ಲೇ ಒಣಗಿದ ಮರಗಳು ಈ ಬೆಟ್ಟಗಳಲ್ಲಿ ಲೆಕ್ಕವಿಲ್ಲದಷ್ಟಿವೆ, ಗಾಳಿ ಬಂದ ರಾತ್ರಿ ಅವು ಉರುಳುತ್ತವೆ. ನೀರಿನಿಂದ 200 ಅಡಿ ದೂರ. ನ್ಯಾಶನಲ್ ಫಾರೆಸ್ಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನ ಇರಬಹುದು. ಮಲಗುವ ಚೀಲ ಮೈನಸ್ 18 ಡಿಗ್ರಿಯದ್ದಿರಲಿ, ಆದರೆ ಅದಕ್ಕಿಂತ ಕೆಳಗಿನ ಚಾಪೆಗೆ ದುಡ್ಡು ಹಾಕಿ. ಚೀಲ ಎಷ್ಟೇ ಒಳ್ಳೆಯದಾದರೂ ಮೈಯಡಿಯಲ್ಲಿ ಅಮುಕಿ ಹೋಗುವುದರಿಂದ ನೆಲದ ಚಳಿ ತಡೆಯುವುದು ಚಾಪೆಯೇ. ಚಾಪೆ ಚಳಿ ತಡೆಯುವ ಶಕ್ತಿಯ ಅಳತೆಯಾದ ಆರ್-ವ್ಯಾಲ್ಯೂ 5ರ ಸುತ್ತ ಇರಬೇಕು.

ಚಳಿಯಲ್ಲಿ ಕೈಕೊಡುವುದು ಸಣ್ಣಪುಟ್ಟ ಸಾಮಾನು. ಕೊಳವೆಯಂಥ ಎಳೆಗಳಿರುವ ನೀರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ನೀರೂ ಬರುತ್ತಿರುತ್ತದೆ, ಶುದ್ಧವಾಗಿ ಮಾತ್ರ ಇರುವುದಿಲ್ಲ. ರಾತ್ರಿ ಅದನ್ನು ಚೀಲದೊಳಗೆ ಇಟ್ಟುಕೊಂಡೇ ಮಲಗಬೇಕು. ಬ್ಯೂಟೇನ್ ಗ್ಯಾಸ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಐಸೋಬ್ಯೂಟೇನ್-ಪ್ರೋಪೇನ್ ಮಿಶ್ರಣದ ಡಬ್ಬಿ ತನ್ನಿ. ಹತ್ತು ಸಾವಿರ ಅಡಿಯಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಕುಡಿಯುವ ನೀರನ್ನು ಮೂರು ನಿಮಿಷ ಕುದಿಸಬೇಕು, ಬೇಳೆಯ ಆಸೆ ಬಿಡಬೇಕು. ದಿನಕ್ಕೆ 3,000ದಿಂದ 4,000 ಕ್ಯಾಲರಿ ಬೇಕು, ಅದನ್ನು 800–900 ಗ್ರಾಂನಲ್ಲಿ ಹಿಡಿಸಬೇಕು. ಇಲ್ಲಿ ನಮ್ಮ ಅಡುಗೆಮನೆ ಗೆಲ್ಲುತ್ತದೆ: ಬಿಸಿನೀರು ಹಾಕಿದರೆ ಸಾಕೆನ್ನುವ ಗೊಜ್ಜವಲಕ್ಕಿ ಪುಡಿ, ತುಪ್ಪದಲ್ಲಿ ಹುರಿದ ಉಪ್ಪಿಟ್ಟಿನ ರವೆ, ಶೇಂಗಾ ಚಿಕ್ಕಿ, ಕೋಡುಬಳೆ, ಚಟ್ನಿಪುಡಿ. ಅಂಗಡಿಯ ಒಣ ಊಟದ ಪೊಟ್ಟಣಕ್ಕಿಂತ ಅಗ್ಗ, ಮೂರನೇ ದಿನವೂ ಬಾಯಿಗೆ ಸೇರುತ್ತದೆ.

ಈಗ ಕೋವಿ. ಕನಿಷ್ಠ .24 ಕ್ಯಾಲಿಬರ್, ಹಿಗ್ಗುವ ಗುಂಡು, ಗುಂಡಿನ ತೂಕ ಕನಿಷ್ಠ 70 ಗ್ರೇನ್ ಎಂದು ನಿಯಮ. .270, .308, 6.5 ಕ್ರೀಡ್‌ಮೂರ್, ಇವುಗಳಲ್ಲಿ ಯಾವ ತೋಟೆಯ ಕೋವಿಯಾದರೂ ಆಗುತ್ತದೆ. ಬೆಂಚಿನ ಮೇಲೆ ಕೋವಿ ಇಟ್ಟು ಗುರಿ ಹೊಡೆಯುವುದು ಅಭ್ಯಾಸವಲ್ಲ. ಮಂಡಿಯೂರಿ, ಬ್ಯಾಗಿನ ಮೇಲೆ ಒರಗಿಸಿ, ಏದುಸಿರಿನಲ್ಲಿ ಎಷ್ಟು ದೂರದಿಂದ ಊಟದ ತಟ್ಟೆಯಷ್ಟು ಜಾಗಕ್ಕೆ ತಪ್ಪದೆ ಹೊಡೆಯುತ್ತೀರೋ ಅದೇ ನಿಮ್ಮ ಗಡಿ. ಹೊಸಬರಿಗೆ 200 ಮೀಟರ್ ಸಾಕು. ಸೊಂಟದ ಮೇಲೆ 500 ಚದರ ಇಂಚು ಅಚ್ಚ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ತಲೆಗೂ ಅದೇ ಬಣ್ಣ ಕಡ್ಡಾಯ. ಎಲೆಚಿತ್ರ ಬೆರೆತ ಕಿತ್ತಳೆ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲು ಏರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಈ ತಿರುವಿನ ಹೊತ್ತಿಗೆ ನೀವು ಜಿಂಕೆಗಿಂತ ಮೇಲಿದ್ದರೆ ವಾಸನೆ ಅದಕ್ಕೆ ಹೋಗುವುದಿಲ್ಲ. ಉಳಿದಂತೆ ಶಿಕಾರಿ ಎಂದರೆ ದುರ್ಬೀನು ಹಿಡಿದು ಕೂರುವುದು.

ಜಿಂಕೆ ಬಿದ್ದ ಕೂಡಲೇ ಲೈಸೆನ್ಸಿನ ಜೊತೆ ಬರುವ ಟ್ಯಾಗ್ ಹರಿದು ಸಹಿ, ದಿನಾಂಕ ಹಾಕಿ. ಹೊಟ್ಟೆ ತೆಗೆಯದೆಯೇ ಬಿಡಿಸುವ ಕ್ರಮ ಒಬ್ಬರಿಗೂ ಸಲೀಸು. ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಹಿಂದಿನಿಂದ ಬಾಲದವರೆಗೆ ಬೆನ್ನುಮೂಳೆಯ ಗುಂಟ ಚರ್ಮ ಸೀಳಿ. ಚಾಕುವಿನ ಅಲಗು ಒಳಗಿನಿಂದ ಹೊರಕ್ಕೆ ಇರಲಿ, ಇಲ್ಲದಿದ್ದರೆ ಕೂದಲು ತುಂಡಾಗಿ ಮಾಂಸಕ್ಕೆಲ್ಲ ಮೆತ್ತುತ್ತದೆ. ಚರ್ಮ ಹೊಟ್ಟೆಯ ಕಡೆಗೆ ಸುಲಿದ ಮೇಲೆ ಮುಂಗಾಲು ಎತ್ತಿ ಕೊಯ್ದರೆ ಬಂದುಬಿಡುತ್ತದೆ, ಅಲ್ಲಿ ಮೂಳೆಯ ಕೀಲೇ ಇಲ್ಲ. ಹಿಂಗಾಲಿನಲ್ಲಿ ಸೊಂಟದ ಮೂಳೆಯ ಗುಂಟ ಹೋಗಿ ಗುಂಡುಕೀಲಿನಲ್ಲಿ ಬಿಡಿಸಿ. ಬೆನ್ನಿನ ಉದ್ದದ ಮಾಂಸ, ಕತ್ತಿನದು, ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ ಒಳಗಿನ ಎಳೆಮಾಂಸ ತೆಗೆದು, ಮಗ್ಗುಲು ತಿರುಗಿಸಿ ಮತ್ತೆ ಇದೇ ಕೆಲಸ. ನಾಲ್ಕು ಕಾಲು, ಬೆನ್ನಿನದು, ಒಳಗಿನದು ಬಿಟ್ಟುಬರುವಂತಿಲ್ಲ, ಅದು ಕಾನೂನು. ಗಂಡೋ ಹೆಣ್ಣೋ ಎಂಬ ಗುರುತು, ಅಂದರೆ ವೃಷಣ ಅಥವಾ ಕೆಚ್ಚಲಿನಂಥ ಭಾಗ, ಒಂದು ತೊಡೆಗೆ ಅಂಟಿಕೊಂಡೇ ಇರಬೇಕು. ಬೇರೆ ಮಾಡಿದ ತಲೆ ತೋರಿಸಿದರೆ ಅಧಿಕಾರಿ ಒಪ್ಪುವುದಿಲ್ಲ.

ಮಾಂಸ ಕೆಡುವುದು ಬಿಸಿಲಿನಿಂದಷ್ಟೇ ಅಲ್ಲ, ಒಳಗಿನ ಬಿಸಿಯಿಂದ. ದಪ್ಪ ತೊಡೆಯಲ್ಲಿ ಮೂಳೆಯ ಸುತ್ತ ಶಾಖ ಕೂತು ಅಲ್ಲಿಂದಲೇ ಹುಳಿಯಲು ಶುರುವಾಗುತ್ತದೆ, ಮೇಲಿನಿಂದ ಮುಟ್ಟಿದರೆ ತಣ್ಣಗೇ ಇರುತ್ತದೆ. ಅಕ್ಟೋಬರಿನ ಮಧ್ಯಾಹ್ನ 15 ಡಿಗ್ರಿ ಮುಟ್ಟುವ ದಿನಗಳಲ್ಲಿ ತೊಡೆಯನ್ನು ಮೂಳೆಯವರೆಗೆ ಸೀಳಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ಹಾಕಿ, ಉತ್ತರಕ್ಕೆ ಮುಖಮಾಡಿದ ನೆರಳಿನ ಇಳಿಜಾರಿನಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಕಪ್ಪು ಕರಡಿಗಳು ನವೆಂಬರಿನವರೆಗೂ ಎಚ್ಚರವಿರಬಹುದು, ಆದ್ದರಿಂದ ಟೆಂಟಿನಿಂದ ನೂರು ಗಜ ದೂರ, ದೂರದಿಂದಲೇ ಕಾಣುವಂತೆ ಕಟ್ಟಿ. ವಾಪಸ್ ಹೋಗುವಾಗ ಕರಡಿ ಅಲ್ಲಿದೆಯೋ ಇಲ್ಲವೋ ಎಂದು ದೂರದಲ್ಲೇ ಗೊತ್ತಾಗಬೇಕು. ಗಾಡಿಯಲ್ಲಿ ದೊಡ್ಡ ಕೂಲರ್, ಅದರಲ್ಲಿ ಹೆಪ್ಪುಗಟ್ಟಿದ ನೀರಿನ ಕ್ಯಾನುಗಳು. ಬಿಡಿ ಐಸ್ ಕರಗಿದರೆ ಮಾಂಸ ನೀರಲ್ಲಿ ತೇಲುತ್ತದೆ. ಜೇಡಿಮಣ್ಣಿನ ರಸ್ತೆ ಹಗಲು ಕರಗಿ ಗಾಡಿಯನ್ನೇ ನುಂಗುವುದರಿಂದ, ಹೊರಡುವ ದಿನ ಬೆಳಗಿನ ಜಾವ ನೆಲ ಗಟ್ಟಿಯಿರುವಾಗಲೇ ಹೊರಡಿ.

ಮನೆಗೆ ಬಂದ ಮೇಲೆ ಗೆಳೆಯರಿಗೆ ಹಂಚುವ ಆತುರ ಬೇಡ. ಜಿಂಕೆಗಳ ಮಿದುಳು ಕೆಡಿಸುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಮೊದಲು ಗುರುತಾಗಿದ್ದು ಇದೇ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ, 1967ರಲ್ಲಿ. ಮನುಷ್ಯರಿಗೆ ತಗುಲಿದ್ದು ಸಾಬೀತಾಗಿಲ್ಲ, ಆದರೂ ರೋಗವಿದ್ದ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಈ ರೋಗ ತರುವುದು ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು, ಬೇಯಿಸಿದರೂ ಅದು ನಾಶವಾಗುವುದಿಲ್ಲ. ಕೆಲವು ಯೂನಿಟ್‌ಗಳಲ್ಲಿ ಪರೀಕ್ಷೆ ಕಡ್ಡಾಯ, ಉಳಿದ ಕಡೆ ನೀವೇ ತಲೆಯನ್ನು ಇಲಾಖೆಯ ಕೇಂದ್ರಕ್ಕೆ ಒಪ್ಪಿಸಬಹುದು. ಅದಕ್ಕೇ ಹೊರೆಯ ಲೆಕ್ಕದಲ್ಲಿ ತಲೆಯ ತೂಕವೂ ಸೇರಿರಲಿ. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ಮಿದುಳು, ಬೆನ್ನುಮೂಳೆ ಗಡಿ ದಾಟಬಾರದೆಂದು ಅನೇಕ ರಾಜ್ಯಗಳ ನಿಯಮವಿದೆ. ಫಲಿತಾಂಶ ಬರುವವರೆಗೆ ಪೊಟ್ಟಣಗಳ ಮೇಲೆ ದಿನಾಂಕ, ಟ್ಯಾಗ್ ನಂಬರ್ ಬರೆದು ಫ್ರೀಜರಿನಲ್ಲಿ ಬೇರೆಯೇ ಇಡಿ. ಆಮೇಲೆ ಯಾರಿಗೆ ಬೇಕಾದರೂ ಕೊಡಬಹುದು, ಮಾರುವಂತಿಲ್ಲ.