ತಟ್ಟೆಯ ಮೇಲಿನ ಹಾಳೆ

ನಮ್ಮ ಕಡೆ ಯಾವ ಹೋಟೆಲ್ ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ನಾನು ರುಚಿಗಿಂತ ಮೊದಲು ತಟ್ಟೆಯ ವಿಷಯ ಹೇಳುತ್ತೇನೆ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಇಟ್ಟುಕೊಟ್ಟರೆ ಆ ಅಂಗಡಿಯಲ್ಲಿ ನೀರಿಲ್ಲ ಎಂದು ಅರ್ಥ. ಬಾಳೆ ಎಲೆ ಹಾಸಿದ್ದರೆ ನೀರು ಕಡಿಮೆ, ಆದರೆ ಮಾಲೀಕನಿಗೆ ಊಟದ ಮೇಲೆ ಮರ್ಯಾದೆ ಇದೆ. ಬರೀ ಸ್ಟೀಲ್ ತಟ್ಟೆ ಕೊಟ್ಟರೆ ಎರಡರಲ್ಲಿ ಒಂದು: ಅವನ ಬೋರ್‌ವೆಲ್ ಚೆನ್ನಾಗಿದೆ, ಇಲ್ಲವೇ ಬೆಳಗಿನಿಂದ ಅಷ್ಟೂ ತಟ್ಟೆಗಳು ಒಂದೇ ಬಕೆಟ್ಟಿನಲ್ಲಿ ಮುಳುಗಿ ಏಳುತ್ತಿವೆ. ಯಾವುದು ಎಂದು ತಿಳಿಯಲು ಹಿಂದಕ್ಕೆ ಹೋಗಿ ಇಣುಕಬೇಕು. ನಾನು ಇಣುಕುತ್ತೇನೆ. ನನ್ನ ಯಜಮಾನರು ಆಗ ಮುಖ ತಿರುಗಿಸಿ ಬೋರ್ಡು ಓದುತ್ತಾ ನಿಲ್ಲುತ್ತಾರೆ.

ಬೆಂಗಳೂರಿನ ಕೆಂಗೇರಿ ಉಪನಗರ ದಾಟಿ ಕೊಮ್ಮಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಬಸವನಗುಡಿ ಪಕ್ಕದ ಗವಿಪುರದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದದ್ದು 2017ರಲ್ಲಿ. ಮೂವತ್ತು ನಲವತ್ತರ ನಿವೇಶನ, ಕೈಯಲ್ಲಿ ಬಿ ಖಾತಾ ಎಂಬ ಪೂರ್ತಿ ಸಕ್ರಮವಲ್ಲದ ಆಸ್ತಿಯ ದಾಖಲೆ, ಎದುರಿಗೆ ರಾಗಿ ಹೊಲ. ನಮ್ಮ ದೊಡ್ಡಮ್ಮ ಗೃಹಪ್ರವೇಶಕ್ಕೆ ಬಂದವರು, "ಇಷ್ಟು ದೂರ ಬಂದವರು ಇನ್ನೊಂದು ಸ್ವಲ್ಪ ಹೋಗಿ ಮೈಸೂರಿನಲ್ಲೇ ಕಟ್ಟಬಹುದಿತ್ತಲ್ಲ" ಎಂದರು. 2007ರಲ್ಲಿ ಬಿಬಿಎಂಪಿ ಮಾಡುವಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಆ ಒಂದೇ ಒಂದು ಪುರಸಭೆ ಕೆಂಗೇರಿ. ನಾವಿರುವುದು ಅದರಾಚೆ, ಆ ಹಳ್ಳಿಗಳಲ್ಲೊಂದರಲ್ಲಿ. ಊರು ಎನ್ನಲು ಹೆಚ್ಚು ಹೊಲ ಉಳಿದಿರಲಿಲ್ಲ, ನಗರ ಎನ್ನಲು ನಲ್ಲಿ ಬಂದಿರಲಿಲ್ಲ.

ನೀರು ಮಾತ್ರ ನಮ್ಮ ಹಿಂದೆಯೇ ಬಂದಿತ್ತು, ಬೇರೆ ರೂಪದಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎನ್ನುವ ವೃಷಭಾವತಿ ನದಿ ನಗರದ ಕೊಳಚೆ ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು ಕೆಂಗೇರಿಗೆ ಬರುತ್ತಾಳೆ. ಗವಿಪುರದಲ್ಲಿ ನಾವು ಚೆಲ್ಲಿದ ಸ್ನಾನದ ನೀರು ನಮಗಿಂತ ಮೊದಲೇ ಈ ದಾರಿ ಕಂಡುಕೊಂಡಿತ್ತು. ಬಸ್ಸಿನ ಕಿಟಕಿ ತೆರೆದಿದ್ದರೆ ಕಣ್ಣು ಮುಚ್ಚಿಕೊಂಡೂ ಎಲ್ಲಿಗೆ ಬಂದೆವೆಂದು ಹೇಳಬಹುದು.

ಹೊಸ ಮನೆಯಲ್ಲಿ ಮೊದಲು ಕೈಕೊಟ್ಟದ್ದು ತೊಗರಿಬೇಳೆ. ಕುಕ್ಕರ್ ಏಳು ಸಲ ಕೂಗಿದರೂ ಬೇಳೆ ಬೇಳೆಯಾಗಿಯೇ ಇರುತ್ತಿತ್ತು. ಸೌಟಿನ ಬೆನ್ನಿನಿಂದ ಒತ್ತಿದರೆ ಪಕ್ಕಕ್ಕೆ ಜಾರುತ್ತಿತ್ತೇ ಹೊರತು ಮಸೆಯುತ್ತಿರಲಿಲ್ಲ. ಮೇಲೆ ತಿಳಿನೀರು, ಅಡಿಯಲ್ಲಿ ಹಳದಿ ಮರಳು. ಮಳವಳ್ಳಿ ಕಡೆಯವರಾದ ನಮ್ಮ ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿ, "ಬೇಳೆ ತಂದಿದ್ದೀಯೋ, ಜಲ್ಲಿ ತಂದಿದ್ದೀಯೋ?" ಎಂದರು. ಅಂಗಡಿ ಬದಲಾಯಿಸಿದೆ, ಕುಕ್ಕರಿನ ರಬ್ಬರು ಬದಲಾಯಿಸಿದೆ. ಕೊನೆಗೆ ಪಿಯುಸಿ ಓದುತ್ತಿದ್ದ ಮಗ ಹೇಳಿದ: ಬೋರ್‌ವೆಲ್ ನೀರು ಗಡಸು, ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುತ್ತದೆ ಎಂದೂ ಹೇಳಿದ. ಸೋಡಾ ಹಾಕಿದ ಸಾರನ್ನು ಅತ್ತೆ ಎರಡನೆಯ ತುತ್ತಿಗೆ ಬದಿಗಿಟ್ಟರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಎರಡು ನೀರು. ಅಕ್ಕಿ ತೊಳೆಯಲು, ಪಾತ್ರೆಗೆ ಬೋರ್ ನೀರು. ಬೇಳೆಗೆ, ಕಾಫಿಗೆ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಹಿಡಿದು ತಂದ ಇಪ್ಪತ್ತು ಲೀಟರಿನ ಕ್ಯಾನ್ ನೀರು. ಈ ಕಡೆಯ ಹೋಟೆಲುಗಳಲ್ಲಿ ಸಾಂಬಾರು ಏಕೆ ನೀರು ಬೇರೆ ಬೇಳೆ ಬೇರೆಯಾಗಿ ಬರುತ್ತದೆ ಎಂಬುದೂ ಅಂದೇ ಅರ್ಥವಾಯಿತು. ಸಾಂಬಾರಿಗೆ ಕ್ಯಾನ್ ನೀರು ಸುರಿಯುವ ಭಟ್ಟನಿಗೆ ನಾನು ಎರಡು ರೂಪಾಯಿ ಹೆಚ್ಚು ಕೊಡಲು ತಯಾರು.

ನಾವು ಬಂದ ಹೊಸತರಲ್ಲಿ ತಿನ್ನಲು ಇದ್ದದ್ದು ಒಂದೇ ಗಾಡಿ. ಮೇಲೆ 'ಬಿಡದಿ ತಟ್ಟೆ ಇಡ್ಲಿ' ಎಂದು ಬರೆಸಿದ್ದ. ಗಾಡಿಯವನ ಊರು ಕುಣಿಗಲ್. ಮೈಸೂರು ರಸ್ತೆಯಲ್ಲಿ ಇಡ್ಲಿ ಬೇಯಿಸುವವರೆಲ್ಲರೂ ಬಿಡದಿಯವರೇ ಆಗುತ್ತಾರೆ, ಅದು ಬಿಡಿ. ಇಡ್ಲಿ ನಿಜಕ್ಕೂ ಒಳ್ಳೆಯದು. ತೊಂದರೆ ಹಾಳೆಯದು. ಬಿಸಿ ಇಡ್ಲಿ ಬಿದ್ದೊಡನೆ ಆ ತೆಳು ಪ್ಲಾಸ್ಟಿಕ್ಕು ಸುಕ್ಕುಗಟ್ಟಿ ಮೇಲೇಳುತ್ತದೆ, ಚಟ್ನಿ ಹಾಳೆಯ ಮಡಿಕೆಯೊಳಗೆ ಇಳಿದು ಅಡಗುತ್ತದೆ, ಬೆರಳಿನಿಂದ ಅದನ್ನು ಹೊರತೆಗೆಯುವಷ್ಟರಲ್ಲಿ ಹಾಳೆಯೇ ಇಡ್ಲಿಸಮೇತ ತಟ್ಟೆಯಿಂದ ಜಾರುತ್ತದೆ. ತಿಂದವರು ಹಾಳೆ ಮುದ್ದೆ ಮಾಡಿ ಡಬ್ಬಕ್ಕೆ ಹಾಕಿ, ತಟ್ಟೆಯನ್ನು ಹಾಗೆಯೇ ಹಿಂದಿರುಗಿಸುವುದು. ಸಂಜೆ ಆ ಡಬ್ಬದ ಬಳಿ ಹಸುಗಳು. ನಾನು ಮನೆಯಿಂದ ಡಬ್ಬಿ ಒಯ್ದು ತರುವ ಅಭ್ಯಾಸ ಮಾಡಿಕೊಂಡದ್ದು ಆ ಹಸುಗಳನ್ನು ನೋಡಿಯೇ.

ಆಮೇಲೆ ಒಂದೊಂದಾಗಿ ಬಂದವು. ಮೆಟ್ರೊ ಕಟ್ಟುವ ಕಾಲದಲ್ಲಿ ಬಿಹಾರದ ಹುಡುಗರಿಗೆಂದು ಅನ್ನ, ದಾಲ್, ಆಲೂಗಡ್ಡೆ ಪಲ್ಯದ ಗಾಡಿ. 2021ರ ಆಗಸ್ಟ್ 29ರಂದು ಕೆಂಗೇರಿವರೆಗೆ ರೈಲು ಉದ್ಘಾಟನೆಯಾಯಿತು. ಚಲ್ಲಘಟ್ಟಕ್ಕೆ ಬಂದದ್ದು 2023ರ ಅಕ್ಟೋಬರ್ 9ಕ್ಕೆ. ರೈಲು ಬಂದ ಮೇಲೆ ದರ್ಶಿನಿ, ಎಂಜಿನಿಯರಿಂಗ್ ಹುಡುಗರಿಗೆ ಆಂಧ್ರ ಮೆಸ್, ದೊನ್ನೆ ಬಿರಿಯಾನಿ, ಮೊಮೊ. ಇವುಗಳ ಬಗ್ಗೆ ನನಗೆ ಹೇಳುವಂಥದ್ದೇನೂ ಇಲ್ಲ, ಎಲ್ಲ ಕಡೆಯೂ ಇರುವಂಥವೇ. ಆದರೆ ಯಾದಗಿರಿ ಕಡೆಯ ಅಕ್ಕನ ರೊಟ್ಟಿಯ ಬಗ್ಗೆ ಹೇಳಲೇಬೇಕು. ಗಂಡ ಗಾರೆ ಕೆಲಸಕ್ಕೆ ಬಂದವರು, ಕಟ್ಟುತ್ತಿದ್ದ ಮನೆಯ ಪಕ್ಕದ ಶೆಡ್ಡಿನಲ್ಲೇ ವಾಸ. ಸಂಜೆ ಆರಕ್ಕೆ ಆಕೆ ತಮಗೆಂದು ರೊಟ್ಟಿ ಬಡಿಯುವ ಸದ್ದು ಕೇಳಿ ಯಾರೋ ಕೇಳಿ ಪಡೆದರು, ಆಮೇಲೆ ಇನ್ಯಾರೋ. ಈಗ ದಿನಕ್ಕೆ ನೂರು ಬಡಿಯುತ್ತಾರೆ. ಜೊತೆಗೆ ಶೇಂಗಾ ಚಟ್ನಿಪುಡಿ, ಕೆಲವು ದಿನ ಪುಂಡಿ ಪಲ್ಯ. ತಟ್ಟೆಯ ಗೊಡವೆಯೇ ಇಲ್ಲ, ರೊಟ್ಟಿಯ ಮೇಲೇ ಪಲ್ಯ. "ನಮ್ಮ ಊರಿನಲ್ಲಿ ನೀರಿಲ್ಲ ಎಂದು ಇಲ್ಲಿಗೆ ಬಂದೆವು, ಅಕ್ಕಾ. ಇಲ್ಲಿ ನೋಡಿದರೆ ನೀವೂ ಕೊಡ ಹಿಡಿದುಕೊಂಡು ನಿಂತಿದ್ದೀರಿ" ಎಂದು ಒಮ್ಮೆ ನಕ್ಕರು.

ಅದು 2024ರ ಬೇಸಿಗೆ. ನಮ್ಮ ಬೋರ್‌ವೆಲ್ ಫೆಬ್ರುವರಿಯಲ್ಲೇ ಗಾಳಿ ಉಗುಳತೊಡಗಿತ್ತು. ನೀರಿನ ಘಟಕದಲ್ಲಿ ಒಬ್ಬರಿಗೆ ಒಂದೇ ಕ್ಯಾನ್ ಎಂದು ಚೀಟಿ ಅಂಟಿಸಿದರು. ಟ್ಯಾಂಕರಿನವನು ಬೆಲೆಯನ್ನು ಫೋನಿನಲ್ಲಿ ಹೇಳುತ್ತಿರಲಿಲ್ಲ, ಪೈಪನ್ನು ಸಂಪಿನೊಳಕ್ಕೆ ಇಳಿಬಿಟ್ಟ ಮೇಲೆ ಹೇಳುತ್ತಿದ್ದ. ಮಾರ್ಚಿನಲ್ಲಿ ಜಿಲ್ಲಾಡಳಿತ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ನಾನು ಪತ್ರಿಕೆಯ ತುಣುಕನ್ನು ಕತ್ತರಿಸಿಟ್ಟುಕೊಂಡು ಅವನಿಗೆ ತೋರಿಸಿದೆ. ಶ್ರದ್ಧೆಯಿಂದ ಪೂರ್ತಿ ಓದಿ, "ಒಳ್ಳೆಯದಾಯಿತು ಮೇಡಂ, ಇನ್ನು ಮುಂದೆ ಪತ್ರಿಕೆಯವರ ಹತ್ತಿರವೇ ತರಿಸಿಕೊಳ್ಳಿ" ಎಂದು ಪೈಪ್ ಸುತ್ತತೊಡಗಿದ. ಕೊಟ್ಟೆ, ಅವನು ಕೇಳಿದಷ್ಟೇ ಕೊಟ್ಟೆ.

ಆ ಮೂರು ತಿಂಗಳು ದರ್ಶಿನಿಯ ಸ್ಟೀಲ್ ತಟ್ಟೆಗಳೂ ಹಾಳೆ ಹೊದ್ದುಕೊಂಡವು. ಹೊದೆಯದೆ ಉಳಿದದ್ದು ಮುದ್ದೆ ಹೋಟೆಲ್ ಒಂದೇ.

ನಮ್ಮ ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ ನಾಲ್ಕು ಕಂಬ, ಮೇಲೆ ತಗಡು, ಮೂರು ಬೆಂಚು, ಇಷ್ಟೇ ಹೋಟೆಲ್. ಮಾಗಡಿ ಕಡೆಯ ಗಂಡ ಹೆಂಡತಿ. ಮಧ್ಯಾಹ್ನ ಹನ್ನೆರಡೂವರೆಗೆ ಆಕೆ ಪಾತ್ರೆಯನ್ನು ಎರಡೂ ಪಾದಗಳ ನಡುವೆ ಸಿಕ್ಕಿಸಿಕೊಂಡು ಮುದ್ದೆ ಕೋಲಿನಿಂದ ತಿರುವುವುದನ್ನು ನೋಡಲೆಂದೇ ನಾನು ಬೇಗ ಹೋಗುವುದುಂಟು. ಹಿಟ್ಟು ಗಂಟಿಲ್ಲದೆ ಹೊಳಪು ಬರುವವರೆಗೆ ಮಾತಿಲ್ಲ. ಆಮೇಲೆ ನೀರು ಸವರಿದ ಹಲಗೆಯ ಮೇಲೆ ಒಂದು ಬಟ್ಟಲಷ್ಟು ಹಾಕಿ, ಅಂಗೈ ತೇವ ಮಾಡಿಕೊಂಡು ಮೂರು ಸುತ್ತು ಉರುಳಿಸಿದರೆ ಮುದ್ದೆ. ನಾಲ್ಕನೆಯ ಸುತ್ತು ಹಾಕಿದ್ದನ್ನು ನಾನು ಕಂಡಿಲ್ಲ. ಸೋಮವಾರ, ಶನಿವಾರ ಹುರುಳಿಕಾಳಿನ ಬಸ್ಸಾರು. ಉಳಿದ ದಿನ ನಾಟಿ ಕೋಳಿ, ಬೋಟಿ ಗೊಜ್ಜು. ಹುರುಳಿ ಬೇಯಿಸಲು ಕ್ಯಾನ್ ನೀರು, ನಾನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ರಾಗಿಗೆ ಯಾವ ನೀರಾದರೂ ಆಗುತ್ತದೆ ಎನ್ನುವುದು ಆಕೆಯ ವಾದ.

ಎಲ್ಲರೂ ಹಾಳೆ ಹಾಕುತ್ತಿದ್ದಾಗ ಮುದ್ದೆ ಹೋಟೆಲಿನ ಅಣ್ಣ ಬಾಳೆ ಎಲೆ ಹಾಕಿದರು. ಕೈ ತೊಳೆಯುವ ಕಡೆ ಡ್ರಮ್ಮಿನ ಪಕ್ಕ ಒಬ್ಬ ಹುಡುಗನನ್ನು ನಿಲ್ಲಿಸಿ, ಒಬ್ಬರಿಗೆ ಒಂದು ಲೋಟ ನೀರು ಹುಯ್ಯಿಸುತ್ತಿದ್ದರು. ಪ್ಲಾಸ್ಟಿಕ್ಕೇ ಅಗ್ಗವಲ್ಲವೇ ಎಂದು ಕೇಳಿದರೆ, "ಮುದ್ದೆಯನ್ನು ಕವರಿನ ಮೇಲೆ ಇಟ್ಟರೆ ನಮ್ಮ ಅಪ್ಪ ಸ್ವಪ್ನದಲ್ಲಿ ಬಂದು ಹೊಡೆಯುತ್ತಾನೆ, ಅಕ್ಕ" ಎಂದರು. ಮುದ್ದೆಯ ಮೇಲೆ ತಮಗೊಬ್ಬರಿಗೇ ಹಕ್ಕಿದೆ ಎಂದುಕೊಂಡಿರುವ ನನ್ನ ಯಜಮಾನರು ಅಂದು ಎರಡು ಮುದ್ದೆ ತಿಂದರು.

ಸೊಪ್ಪಿನ ವಿಷಯವೂ ನೀರಿನದ್ದೇ. ಬಿಡದಿಯಾಚೆ ಬೈರಮಂಗಲದ ಕೆರೆಗೆ ಸೇರುವುದು ಇದೇ ವೃಷಭಾವತಿ. ಆ ನೀರಿನಲ್ಲಿ ಮೇವು, ತರಕಾರಿ ಎಲ್ಲ ಬೆಳೆಯುತ್ತಾರೆ. ಹಾಗಾಗಿ ಕೊತ್ತಂಬರಿ ಕಟ್ಟು ಎಷ್ಟು ಹಚ್ಚಗಿದೆಯೋ ನನಗೆ ಅಷ್ಟು ಅನುಮಾನ. ನಂಬಿಕೆ ಇರುವುದು ಸೊಪ್ಪಿನ ಅಜ್ಜಿಯ ಮೇಲೆ. ಖಾಲಿ ನಿವೇಶನಗಳಲ್ಲಿ ಮಳೆ ಬಿದ್ದ ಮೇಲೆ ತಾನಾಗಿಯೇ ಬರುವ ಅಣ್ಣೆ, ಹೊನಗೊನ್ನೆ, ಕೀರೆ ಎಲ್ಲ ಕಿತ್ತು ಬೆರಕೆ ಸೊಪ್ಪು ಎಂದು ಮಡಿಲಲ್ಲಿ ತರುತ್ತಾರೆ. ಒಂದು ದಿನ ನಮ್ಮ ಜಗುಲಿಯಲ್ಲಿ ಕೂತು ಸೋಸುತ್ತಾ, "ನಿನ್ನ ಅಡುಗೆಮನೆ ಇದೆಯಲ್ಲ ಮಗಳೇ, ಅಲ್ಲಿ ಒಳ್ಳೆಯ ಅಣ್ಣೆ ಸೊಪ್ಪು ಬರುತ್ತಿತ್ತು" ಎಂದರು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ನಾನು ಎರಡು ಕಟ್ಟು ಹೆಚ್ಚಿಗೆ ಕೊಂಡೆ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಆ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್. ಸಮಾರಂಭ ನಡೆದದ್ದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಅತ್ತೆ ಟಿವಿ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ನಮ್ಮ ಕಡೆಯ ನೀರು" ಎಂದು ಮದುವೆಗೆ ಹೊರಟ ಹುಡುಗಿಯನ್ನು ನೋಡುವಂತೆ ನೋಡಿದರು. ಸುಮಾರು ನೂರು ಕಿಲೋಮೀಟರ್ ಬಂದ ನೀರಿಗೆ ಮುಖ್ಯ ರಸ್ತೆಯಿಂದ ನಮ್ಮ ಬೀದಿಗೆ ತಿರುಗಲು ಮಾತ್ರ ಮತ್ತೂ ಹಲವು ತಿಂಗಳು ಬೇಕಾಯಿತು. ಅಗೆದದ್ದು, ಮುಚ್ಚಿದ್ದು, ಮುಚ್ಚಿದ್ದನ್ನೇ ಮತ್ತೆ ಅಗೆದದ್ದು, ಅದನ್ನು ಬರೆಯಲು ಕೂತರೆ ಇನ್ನೊಂದು ಬರಹವಾಗುತ್ತದೆ. ಅಂತೂ ಬಂತು. ಮೊದಲ ದಿನ ಹಿಡಿದ ನೀರಿನಲ್ಲಿ ಅತ್ತೆ ಬೇಳೆ ಬೇಯಿಸಿದರು. ಮೂರು ಕೂಗು. ಮುಚ್ಚಳ ತೆಗೆದು ಸೌಟಾಡಿಸಿದರೆ ಬೇಳೆ ಬೆಣ್ಣೆ. ಯಾರನ್ನೂ ಕರೆಯದೆ, ಒಬ್ಬರೇ ನಿಂತು ಮತ್ತೆ ಮತ್ತೆ ಸೌಟಾಡಿಸುತ್ತಿದ್ದರು.

ದರ್ಶಿನಿಯ ತಟ್ಟೆಗಳ ಮೇಲಿನ ಹಾಳೆ ಹೋಯಿತು. ಜೊತೆಗೆ ನಾನು ಲೆಕ್ಕಕ್ಕೇ ಇಟ್ಟುಕೊಂಡಿರದ ಇನ್ನೊಂದು ಸಂಗತಿ ನಡೆಯಿತು. ನೀರಿಲ್ಲವೆಂದು ವರ್ಷಗಟ್ಟಲೆ ಖಾಲಿ ಬಿಟ್ಟಿದ್ದ ನಿವೇಶನಗಳ ಒಡೆಯರು ಒಬ್ಬೊಬ್ಬರಾಗಿ ಕಾರಿನಲ್ಲಿ ಬಂದು ಇಳಿಯತೊಡಗಿದರು. ಕಳೆದ ತಿಂಗಳು ಮುದ್ದೆ ಹೋಟೆಲಿಗೆ ಹೋದಾಗ ಬೆಂಚುಗಳ ಕೆಳಗೆ ಸುಣ್ಣದ ಪುಡಿಯ ಗೆರೆ ಎಳೆದಿತ್ತು. ಒಂದು ಗೆರೆ ಒಲೆಯ ಮೇಲೇ ಹಾದುಹೋಗಿತ್ತು. ನಿವೇಶನದವರು ನಿವೃತ್ತ ಮೇಷ್ಟ್ರು, ಗುದ್ದಲಿ ಪೂಜೆಗೆ ನಮ್ಮನ್ನೂ ಕರೆದರು. ನಾನು ಯಾರ ಮೇಲೆ ಸಿಟ್ಟಾಗಲಿ? ಅವರ ಗೆರೆಯೂ ನಮ್ಮ ಗೆರೆಯ ಹಾಗೆಯೇ ಇತ್ತು, ಮೂವತ್ತು ನಲವತ್ತು. ಪೂಜೆಗೆ ಹೋಗಿ ತೆಂಗಿನಕಾಯಿ ಹೋಳು ತೆಗೆದುಕೊಂಡು ಬಂದೆ.

ರೊಟ್ಟಿ ಅಕ್ಕ ಅದೇ ಮನೆಯ ಗಾರೆ ಕೆಲಸಕ್ಕೆ ಶೆಡ್ಡು ಬದಲಾಯಿಸಿದ್ದಾರೆ, ಹಾಗಾಗಿ ರೊಟ್ಟಿಗೆ ಸದ್ಯಕ್ಕೆ ಅಪಾಯವಿಲ್ಲ. ಮುದ್ದೆ ಹೋಟೆಲ್ ಸೂಲಿಕೆರೆಯ ಕಡೆಗೆ ಹೋಗಿದೆ. ಹೋದ ಶನಿವಾರ ಸ್ಕೂಟರಿನಲ್ಲಿ ಹುಡುಕಿಕೊಂಡು ಹೋದೆವು. ಅದೇ ತಗಡು, ಅದೇ ಮೂರು ಬೆಂಚು, ಸುತ್ತ ಕಲ್ಲು ನೆಟ್ಟ ಖಾಲಿ ನಿವೇಶನಗಳು, ನಡುವೆ ನೀಲಿ ಡ್ರಮ್ಮು. ಆಕೆ ಮುದ್ದೆ ಉರುಳಿಸಿದರು, ಮೂರೇ ಸುತ್ತು. ಅಣ್ಣ ತಟ್ಟೆ ತಂದಿಟ್ಟರು. ಸ್ಟೀಲ್ ತಟ್ಟೆ, ಮೇಲೆ ಹಾಳೆ, ಹಾಳೆಯ ಮೇಲೆ ಮುದ್ದೆ. ಬಿಸಿಗೆ ಹಾಳೆ ಸುಕ್ಕಾಗಿ ಮುದ್ದೆಯ ಅಡಿಗೆ ಅಂಟಿಕೊಳ್ಳುತ್ತಿತ್ತು.

ನಾನು ಏನೂ ಕೇಳಲಿಲ್ಲ. ಅವರೇ ಬಸ್ಸಾರು ಬಡಿಸುತ್ತಾ, "ಎಲೆಯವನಿಗೆ ಈ ಜಾಗ ಗೊತ್ತಾಗಿಲ್ಲ, ಅಕ್ಕ. ಸೋಮವಾರದಿಂದ ಬರುತ್ತೇನೆ ಎಂದಿದ್ದಾನೆ" ಎಂದರು.