ನಿಮ್ಮ ಕಥೆಗೆ ಎಷ್ಟು ನಿಮಿಷ ಸಿಗುತ್ತೆ?

ಆನ್‌ಲೈನ್ ಕಥಾ ಕಮ್ಮಟದ, ಅಂದರೆ ಬರೆದ ಕಥೆಗಳನ್ನು ಕೂಡಿ ಚರ್ಚಿಸಿ ತಿದ್ದುವ ಶಿಬಿರದ ಪೋಸ್ಟರ್ ವಾಟ್ಸಾಪ್‌ಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಯಾರು ನಡೆಸಿಕೊಡುತ್ತಾರೆ ಅಂತ. ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ ಅಂತ ಕೇಳುವವರು ಕಡಿಮೆ. ಒಮ್ಮೆ ಲೆಕ್ಕ ಹಾಕಿ. 60 ಜನ, ನಾಲ್ಕು ಭಾನುವಾರ, ದಿನಕ್ಕೆ ಎರಡು ಗಂಟೆ. ಒಟ್ಟು 480 ನಿಮಿಷ. ಒಂದೇ ಒಂದು ಉಪನ್ಯಾಸ ಇಲ್ಲದೆ ಸಮನಾಗಿ ಹಂಚಿದರೂ ತಲೆಗೆ 8 ನಿಮಿಷ. ಸ್ವಾಗತ, ಅತಿಥಿ ಪರಿಚಯ, ವಂದನಾರ್ಪಣೆ, "ಸರ್, ನಿಮ್ಮ ಮೈಕ್ ಆನ್ ಆಗಿಲ್ಲ" ಎಲ್ಲ ಕಳೆದರೆ ನಿಮ್ಮ ಕಥೆಯ ಪಾಲಿಗೆ ಉಳಿಯುವುದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅದಕ್ಕೆ ಉಪನ್ಯಾಸ ಮಾಲೆ ಅಂತ ಹೆಸರಿಟ್ಟರೆ ಯಾರ ತಕರಾರೂ ಇಲ್ಲ. ಕಮ್ಮಟ ಅಂದರೆ ಮೂಲದಲ್ಲಿ ನಾಣ್ಯ ಅಚ್ಚು ಹಾಕುವ ಜಾಗ. ಲೋಹ ಕಾಯಬೇಕು, ಏಟು ಬೀಳಬೇಕು. ಎಂಟು ನಿಮಿಷದಲ್ಲಿ ಲೋಹ ಬೆಚ್ಚಗೂ ಆಗುವುದಿಲ್ಲ.

ಕೆಲಸಕ್ಕೆ ಬರುವ ಸಂಖ್ಯೆ 8 ಜನ. ಹತ್ತರವರೆಗೆ ಎಳೆಯಬಹುದು, ಹನ್ನೆರಡಾದರೆ ಯಾರೋ ನಾಲ್ಕು ಜನ ಕ್ಯಾಮೆರಾ ಆಫ್ ಮಾಡಿ ಅಡುಗೆ ಮನೆಗೆ ಹೋಗುತ್ತಾರೆ. ಎಂಟು ಜನಕ್ಕೆ ಎಂಟು ವಾರ ಇಟ್ಟುಕೊಳ್ಳಿ. ಮೊದಲ ವಾರ ಪರಿಚಯ, ನಿಯಮ, ಟೈಪಿಂಗ್ ತಾಪತ್ರಯಗಳು. ಎರಡರಿಂದ ಐದನೆಯ ವಾರದವರೆಗೆ ವಾರಕ್ಕೆ ಎರಡು ಕಥೆ, ಅಲ್ಲಿಗೆ ಎಂಟೂ ಆಯಿತು. ಆರನೆಯ ವಾರ ಸಭೆಯೇ ಬೇಡ, ತಿದ್ದಿ ಬರೆಯಲು ಬಿಡಿ. ಏಳು, ಎಂಟನೆಯ ವಾರ ತಿದ್ದಿದ ಕರಡುಗಳು, ದಿನಕ್ಕೆ ನಾಲ್ಕರಂತೆ, ತಲಾ 20 ನಿಮಿಷ. ಈ ಕೊನೆಯ ಎರಡು ವಾರ ಇಲ್ಲದ ಕಮ್ಮಟಗಳೇ ಹೆಚ್ಚು. ಆದರೆ ಬರಹಗಾರರು ಏನಾದರೂ ಕಲಿತಿದ್ದರೆ ಅದು ಕಾಣುವುದು ಎರಡನೆಯ ಕರಡಿನಲ್ಲೇ. ಮೊದಲ ಚರ್ಚೆಯಲ್ಲಿ ತಲೆಯಾಡಿಸಿದ್ದು ಅರ್ಥವಾಗಿಯೋ ಮರ್ಯಾದೆಗೋ ಅಂತ ಆಗ ಗೊತ್ತಾಗುತ್ತದೆ.

ಸಮಯ ಗೊತ್ತುಮಾಡುವುದು ಬೆಂಗಳೂರಿನಲ್ಲಿ ಒಂದು ಪ್ರತ್ಯೇಕ ವಿದ್ಯೆ. ವೈಟ್‌ಫೀಲ್ಡಿನವರು ಚಾಮರಾಜಪೇಟೆಗೆ, ಯಲಹಂಕದವರು ಬಸವನಗುಡಿಗೆ ಬಂದು ಹೋಗುವ ಅರ್ಧ ದಿನ ಆನ್‌ಲೈನ್‌ನಲ್ಲಿ ಉಳಿಯುವುದು ನಿಜ. ಆದರೆ ಮನೆಯಲ್ಲೇ ಕೂತವರಿಗೆ ಮನೆಯದೇ ಟ್ರಾಫಿಕ್ ಇರುತ್ತದೆ. ಭಾನುವಾರ ಬೆಳಿಗ್ಗೆ 11 ಅಂದರೆ ಮಹಿಳೆಯರು 12ಕ್ಕೆ ಎದ್ದು ಹೋಗಲೇಬೇಕಾಗುತ್ತದೆ, ಅನ್ನಕ್ಕಿಡುವ ಹೊತ್ತು. ರಾತ್ರಿ 7ರಿಂದ 9 ಊಟದ ಹೊತ್ತು. ಮಧ್ಯಾಹ್ನ 3ರಿಂದ 5 ಸರಿಯಾದ ವೇಳೆ. ಅಮೆರಿಕದ ಕನ್ನಡಿಗರನ್ನೂ ಸೇರಿಸಿಕೊಳ್ಳುವುದಾದರೆ ಊಟದ ಹೊತ್ತಾದರೂ ರಾತ್ರಿ 8 ಗಂಟೆ ಹೊಂದುತ್ತದೆ: ಅವರ ಪೂರ್ವ ಕರಾವಳಿಯಲ್ಲಿ ಆಗ ಚಳಿಗಾಲದಲ್ಲಿ ಬೆಳಿಗ್ಗೆ 9:30, ಬೇಸಿಗೆಯಲ್ಲಿ 10:30. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾಯಿಸುವ ವಾರ ಯಾರಾದರೊಬ್ಬರು ಒಂದು ಗಂಟೆ ಹೆಚ್ಚುಕಡಿಮೆ ಮಾಡಿಕೊಂಡು ಬಂದೇ ಬರುತ್ತಾರೆ. ಹಿಂದಿನ ದಿನವೇ ನೆನಪಿಸಿ.

ಈಗ ಒಂದು ಕಥೆಯ ಚರ್ಚೆಗೆ ಕೊಡುವ 40 ನಿಮಿಷ. ಝೂಮ್‌ನ ಉಚಿತ ಖಾತೆಯಲ್ಲಿ ಗುಂಪಿನ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್‌ನಲ್ಲಿ 60ಕ್ಕೆ. ಈ ಕಡಿತವನ್ನು ಬೈದುಕೊಳ್ಳುವ ಬದಲು ಬಳಸಿಕೊಳ್ಳಿ. ಒಂದು ಕಥೆಗೆ ಒಂದು ಲಿಂಕ್. 10 ನಿಮಿಷ ಬಿಡುವು, ಎರಡನೆಯ ಕಥೆಗೆ ಇನ್ನೊಂದು ಲಿಂಕ್. ಉಳಿದ 30 ನಿಮಿಷ ಬರವಣಿಗೆಯ ಅಭ್ಯಾಸಕ್ಕೆ. ಎರಡು ಗಂಟೆ ಮುಗಿಯಿತು.

ಆ 40ರ ಒಳಗೆ ಏನು ಮಾಡುವುದು? ಕಥೆಯನ್ನು ಪೂರ್ತಿ ಓದಿಸಬೇಡಿ. 1500 ಪದದ ಕನ್ನಡ ಕಥೆಯನ್ನು ಜೋರಾಗಿ ಓದಲು ಕಾಲು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಕೇಳುವವರ ಕೈ ಫೋನಿಗೆ ಹೋಗಿರುತ್ತದೆ. ಕಥೆ ಬುಧವಾರ ರಾತ್ರಿಯೊಳಗೆ ಎಲ್ಲರಿಗೂ ತಲುಪಬೇಕು, ಓದುಗರ ಅರ್ಧ ಪುಟದ ಟಿಪ್ಪಣಿ ಶನಿವಾರ ರಾತ್ರಿಯೊಳಗೆ ಬರಬೇಕು. ಭಾನುವಾರದ ಸಭೆಯಲ್ಲಿ ಕಥೆ ಬರೆದವರು ಮೊದಲ ಎರಡು ಪ್ಯಾರಾ ಮಾತ್ರ ಓದಲಿ, 3 ನಿಮಿಷ. ಧಾಟಿ ಕಿವಿಗೆ ಬಿದ್ದರೆ ಸಾಕು. ಆಮೇಲೆ ಬೇರೆ ಯಾರಾದರೂ ಒಬ್ಬರು 2 ನಿಮಿಷದಲ್ಲಿ ಕಥೆಯಲ್ಲಿ ಏನಾಯಿತು ಅಂತ ಹೇಳಲಿ, ಅಭಿಪ್ರಾಯ ಬೇಡ, ನಡೆದದ್ದು ಮಾತ್ರ. ಇಡೀ ಕಮ್ಮಟದಲ್ಲಿ ಇದರಷ್ಟು ಅಗ್ಗದ, ಇದರಷ್ಟು ಉಪಯೋಗದ ಎರಡು ನಿಮಿಷ ಇನ್ನೊಂದಿಲ್ಲ. "ಕೊನೆಗೆ ಅವಳು ಊರಿಗೆ ವಾಪಸ್ ಹೋಗ್ತಾಳೆ" ಅಂತ ಓದುಗರು ಹೇಳಿದಾಗ, ಅವಳನ್ನು ಕೊಂದೇಬಿಟ್ಟಿದ್ದೇನೆ ಅಂದುಕೊಂಡಿದ್ದ ಕಥೆಗಾರರ ಮುಖ ನೋಡಬೇಕು. ಸೂಚ್ಯವಾಗಿ ಹೇಳುವ ಭರದಲ್ಲಿ ಸಾವೇ ಕಾಣದಂತೆ ಮಾಡಿರುತ್ತಾರೆ.

ಆಮೇಲೆ ಏಳು ಓದುಗರಿಗೆ ತಲಾ 3 ನಿಮಿಷ, 21. ಬರೆದವರ ಪ್ರಶ್ನೆಗಳಿಗೆ 5, ನಡೆಸುವವರ ಮಾತಿಗೆ 4. ಒಟ್ಟು 35. ಮಿಕ್ಕ 5 ನಿಮಿಷ ನೆಟ್‌ವರ್ಕ್ ದೇವರಿಗೆ.

ಮಾತಾಡುವ ಸರದಿಯನ್ನು ಮೊದಲೇ ಚಾಟ್‌ನಲ್ಲಿ ಹಾಕಿಬಿಡಿ. ಎದುರುಬದುರು ಕೂತಾಗ ಯಾರು ಬಾಯಿ ತೆರೆಯಲಿದ್ದಾರೆ ಅಂತ ಕಣ್ಣಲ್ಲೇ ತಿಳಿಯುತ್ತದೆ. ಪರದೆಯಲ್ಲಿ ಅರ್ಧ ಸೆಕೆಂಡ್ ತಡವಾಗಿ ದನಿ ಬರುವುದರಿಂದ ಇಬ್ಬರು ಒಟ್ಟಿಗೆ ಶುರುಮಾಡಿ, ಇಬ್ಬರೂ ನಿಲ್ಲಿಸಿ, "ಹೇಳಿ ಹೇಳಿ", "ಇಲ್ಲ ಮೇಡಂ, ನೀವು ಹೇಳಿ" ಅಂತ ಉಪಚಾರ ಮಾಡಿಕೊಳ್ಳುವುದರಲ್ಲೇ ನಿಮಿಷಗಳು ಸೋರುತ್ತವೆ. ಸರದಿ ಹಾಕಿದ ಮೇಲೆ ಚಾಟ್ ಮುಚ್ಚಿಬಿಡಿ. ಒಬ್ಬರು ಕಷ್ಟಪಟ್ಟು ಒಂದು ಆಕ್ಷೇಪ ಹೇಳುತ್ತಿರುವಾಗ ಪಕ್ಕದಲ್ಲಿ ಮೂರು ಜನ ಕೈಮುಗಿಯುವ ಎಮೋಜಿ ಹಾಕಿ "ಅದ್ಭುತ ಸರ್" ಅಂದರೆ ಆ ಆಕ್ಷೇಪ ಅಲ್ಲೇ ಸಾಯುತ್ತದೆ. ಚರ್ಚೆಯನ್ನು ರೆಕಾರ್ಡ್ ಮಾಡುವುದೂ ಬೇಡ. ಕೆಂಪು ಚುಕ್ಕೆ ಕಂಡ ಕೂಡಲೇ ಎಲ್ಲರೂ ಸನ್ಮಾನ ಸಮಾರಂಭದ ಭಾಷೆಗೆ ಹೊರಳುತ್ತಾರೆ.

ಚರ್ಚೆಯ ಹೊತ್ತಿನಲ್ಲಿ ಬರೆದವರು ಬಾಯಿ ಬಿಡಬಾರದು ಅನ್ನುವ ಪದ್ಧತಿ ಅಮೆರಿಕದ್ದು. 1936ರಲ್ಲಿ ಶುರುವಾದ ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪ್‌ನ ಜೊತೆ ಆ ಪದ್ಧತಿಯ ಹೆಸರು ಅಂಟಿಕೊಂಡಿದೆ. ಅದರಲ್ಲಿ ಲಾಭವಿದೆ: ಪತ್ರಿಕೆಯಲ್ಲಿ ಕಥೆ ಓದುವವರ ಪಕ್ಕದಲ್ಲಿ ಕೂತು "ನಾನು ಹೇಳಲು ಹೊರಟಿದ್ದು ಏನೆಂದರೆ" ಅಂತ ವಿವರಿಸಲು ಕಥೆಗಾರರಿಗೆ ಆಗುವುದಿಲ್ಲವಲ್ಲ. ಆದರೆ ಪರದೆಯ ಮೇಲೆ ಅರ್ಧ ಗಂಟೆ ಮ್ಯೂಟ್‌ನಲ್ಲಿ ಕೂರುವುದು ಕಟಕಟೆಯಲ್ಲಿ ನಿಂತ ಹಾಗೆ, ಹೊಸಬರು ಮುಂದಿನ ವಾರದಿಂದ ಬರುವುದನ್ನೇ ಬಿಡುತ್ತಾರೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹಂತದ ಕ್ರಮ ಇಲ್ಲಿ ಹೆಚ್ಚು ಹೊಂದುತ್ತದೆ. ಮೊದಲು ಓದುಗರು ತಮಗೆ ನಾಟಿದ್ದನ್ನು ಹೇಳುತ್ತಾರೆ. ಆಮೇಲೆ ಬರೆದವರು ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ಓದುಗರು ಅಭಿಪ್ರಾಯ ಬೆರೆಸದೆ ಬರೆದವರನ್ನು ಕೇಳುತ್ತಾರೆ. ಕೊನೆಗೆ, ಬರೆದವರ ಒಪ್ಪಿಗೆ ಪಡೆದು ಅಭಿಪ್ರಾಯ. ಮೂರನೆಯ ಹಂತ ಎಲ್ಲರಿಗೂ ಕಷ್ಟ. "ಮಗನನ್ನು ಯಾಕಿಷ್ಟು ಪೆದ್ದನನ್ನಾಗಿ ಮಾಡಿದಿರಿ?" ಅನ್ನುವುದು ಪ್ರಶ್ನೆಯ ವೇಷದ ಬೈಗುಳ. "ಮಗನಿಗೆ ಪತ್ರದ ವಿಷಯ ಯಾವಾಗ ಗೊತ್ತಾಗುತ್ತೆ?" ಅಂತ ಕೇಳಿ ನೋಡಿ, ಉತ್ತರ ಹೊಳೆಯದೆ ಕಥೆಗಾರರು ತಡವರಿಸುವಲ್ಲೇ ತೊಡಕು ಇರುತ್ತದೆ.

ಟಿಪ್ಪಣಿ ಎಂಥದ್ದಿರಬೇಕು ಅನ್ನುವುದಕ್ಕೆ ಹೊಸಬರ ಕರಡುಗಳಲ್ಲಿ ಪದೇ ಪದೇ ಸಿಗುವ ಮಾದರಿಯ ಎರಡು ವಾಕ್ಯ ತೆಗೆದುಕೊಳ್ಳೋಣ:

"ವಯಸ್ಸಾದ ತಾಯಿಯನ್ನು ನೋಡಿ ಮಂಜುನಾಥನ ಮನಸ್ಸು ಭಾರವಾಯಿತು. ಅವಳ ಕಣ್ಣುಗಳಲ್ಲಿ ಹೇಳಲಾಗದ ನೋವು ತುಂಬಿತ್ತು."

"ಮನ ಮುಟ್ಟಿತು" ಅನ್ನುವುದು ಟಿಪ್ಪಣಿಯಲ್ಲ. "ಸವಕಲು ಭಾಷೆ" ಅನ್ನುವುದು ನಿಜ, ಆದರೆ ಅದನ್ನು ಕೇಳಿಸಿಕೊಂಡವರು ಸೋಮವಾರ ಕೂತು ಏನು ತಿದ್ದಬೇಕು? ಕೆಲಸಕ್ಕೆ ಬರುವ ಟಿಪ್ಪಣಿ ಹೀಗಿರುತ್ತದೆ: "ಮಂಜುನಾಥ ಆ ಹೊತ್ತಿನಲ್ಲಿ ನಿಜಕ್ಕೂ ಏನನ್ನು ನೋಡಿದ? ಅಮ್ಮನ ಕೈಯಲ್ಲಿ ಏನಿತ್ತು?" ಕಥೆ ಅಪ್ಪ ಸತ್ತ ಹತ್ತು ದಿನಕ್ಕೆ ನಡೆಯುತ್ತಿದೆ ಅಂದುಕೊಳ್ಳಿ. ಪ್ರಶ್ನೆ ನಾಟಿದರೆ ಎರಡನೆಯ ಕರಡಿನಲ್ಲಿ ಹೀಗೇನಾದರೂ ಬರಬಹುದು:

"ಅಮ್ಮ ಮೂರು ತಟ್ಟೆ ಹಾಕಿದಳು. ಆಮೇಲೆ ಒಂದನ್ನು ಎತ್ತಿ, ಸೆರಗಿನಲ್ಲಿ ಒರೆಸಿ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಮಂಜುನಾಥ ಎದ್ದು ಫ್ಯಾನು ಜೋರು ಮಾಡಿದ."

ನೋವು, ಭಾರ, ಕಣ್ಣು ಎಲ್ಲ ಹೋಯಿತು. ಹಾಗಂತ ಪ್ರತಿಯೊಂದು ವಾಕ್ಯವನ್ನೂ ಹೀಗೆ ಬಿಡಿಸಿಡಲು ಹೋದರೆ ಕಥೆ ತೆವಳುತ್ತದೆ. "ಮರುವರ್ಷ ಅವರು ಮನೆ ಮಾರಿದರು" ಅಂತ ಒಂದೇ ಸಾಲಿನಲ್ಲಿ ದಾಟಬೇಕಾದ ಕಡೆ ದಾಟಲೇಬೇಕು. ನಡೆಸುವವರು ಮಾತ್ರ ತಾವೇ ವಾಕ್ಯ ಬರೆದುಕೊಡಬಾರದು. ಕೊಟ್ಟರೆ ಎಂಟನೆಯ ವಾರಕ್ಕೆ ಎಂಟೂ ಕಥೆ ಒಬ್ಬರೇ ಬರೆದ ಹಾಗಿರುತ್ತವೆ.

ಆನ್‌ಲೈನ್ ಕಮ್ಮಟದ ನಿಜವಾದ ಲಾಭ ಕಿವಿಗೆ. ಬೆಂಗಳೂರಿನವರು, ಧಾರವಾಡದವರು, ಕುಂದಾಪುರದವರು, ಕಲಬುರಗಿಯವರು ಒಂದೇ ಪರದೆಯಲ್ಲಿ ಸಿಗುತ್ತಾರೆ. ಅನಾಹುತ ಆಗುವುದೂ ಅಲ್ಲೇ. ಧಾರವಾಡದ ಕಥೆಯಲ್ಲಿ "ನಾ ಬರಂಗಿಲ್ರಿ" ಅಂತ ಇದ್ದರೆ ಗೂಗಲ್ ಡಾಕ್ಸ್‌ನ ಸಲಹೆ ಮೋಡ್‌ನಲ್ಲಿ ಜಯನಗರದವರೊಬ್ಬರು ಹಸಿರು ಗೆರೆ ಎಳೆದು "ನಾನು ಬರುವುದಿಲ್ಲ" ಅಂತ ತಿದ್ದಿರುತ್ತಾರೆ, ತುಂಬ ವಿನಯದಿಂದ. ಮೊದಲ ವಾರವೇ ನಿಯಮ ಹಾಕಿ: ಸಂಭಾಷಣೆಯನ್ನು ಯಾರೂ ಮುಟ್ಟಬಾರದು, ಅರ್ಥವಾಗದಿದ್ದರೆ ಕೇಳಬೇಕು. ಹಿಡಿಯಬೇಕಾದ ತಪ್ಪು ಬೇರೆ. ಒಂದೇ ಪಾತ್ರ ಒಂದು ಕಡೆ "ಬರಂಗಿಲ್ಲ" ಅಂದು ನಾಲ್ಕು ಸಾಲು ಬಿಟ್ಟು "ಬರೋಲ್ಲ" ಅಂದರೆ ಅದನ್ನು ಗುರುತಿಸಿ. ಕೋರಮಂಗಲದ ಆಫೀಸಿನಲ್ಲಿ ಕೂತ ಹುಡುಗಿ "ಗಣಕಯಂತ್ರ ಕೆಟ್ಟಿದೆ" ಅಂದರೆ ಅದನ್ನೂ ಗುರುತಿಸಿ.

ಟೈಪಿಂಗ್ ತಾಪತ್ರಯ ಅಂದೆನಲ್ಲ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದವರು ಪ್ರತಿ ತಂಡದಲ್ಲೂ ಇರುತ್ತಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದವು. ಹಾಗಾಗಿ ಆ ಫಾಂಟ್ ಇಲ್ಲದ ಫೋನಿನಲ್ಲಿ ಕಥೆ ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್ ಪರಿವರ್ತಕದಲ್ಲಿ ಹಾಕಿ, ಯಾವ ಫೋನಿನಲ್ಲೂ ಕಾಣುವ ಯುನಿಕೋಡ್ ಅಕ್ಷರ ಮಾಡಿಕೊಂಡರೆ ಸರಿಹೋಗುತ್ತದೆ, ಆದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಅಲ್ಲಲ್ಲಿ ಜಾರಿರುತ್ತವೆ, ಒಮ್ಮೆ ಓದಿಯೇ ಕಳಿಸಬೇಕು. ಪಿಡಿಎಫ್ ಕಳಿಸಬೇಡಿ. ಅದರಿಂದ ಒಂದು ಸಾಲು ಎತ್ತಿ ಟಿಪ್ಪಣಿಗೆ ಹಾಕಿದರೆ ಕನ್ನಡದ ಅಕ್ಷರಗಳು ಚದುರುತ್ತವೆ. ಮೊದಲ ಸಭೆಗೂ ಮುನ್ನ ಎಲ್ಲರಿಂದ ಒಂದೊಂದು ಪ್ಯಾರಾ ಹಂಚಿಕೆಯ ಕಡತದಲ್ಲಿ ಹಾಕಿಸಿದರೆ ಯಾರಿಗೆ ಯಾವ ತೊಂದರೆ ಅಂತ ಗೊತ್ತಾಗಿಬಿಡುತ್ತದೆ. ಓದುಗರಿಗೆ ಟಿಪ್ಪಣಿ ಹಾಕುವ ಅನುಮತಿ ಮಾತ್ರ ಕೊಡಿ, ತಿದ್ದುವ ಅನುಮತಿ ಕೊಟ್ಟರೆ ಬೆರಳು ತಾಗಿ ಅರ್ಧ ಪುಟ ಅಳಿಸಿಹೋಗಿರುತ್ತದೆ. ಹೋದರೂ ಹಳೆಯ ಆವೃತ್ತಿಗಳ ಪಟ್ಟಿಯಲ್ಲಿ ಸಿಗುತ್ತದೆ, ಗಾಬರಿ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ. ಅದಕ್ಕೇ ನಡೆಸುವವರು ಕಡಿದುಹೋದರೆ ಸಭೆ ಮುಂದುವರಿಸುವವರು ಯಾರು ಅಂತ ಮೊದಲೇ ಗೊತ್ತುಮಾಡಿರಿ.

ಅಭ್ಯಾಸಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದೇ ಸಾಕು. ಬೆಂಗಳೂರಿನ ಹೆಬ್ಬಾಳಕ್ಕೆ ಹೋಗುವ 500ಡಿ ಸಿಟಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು. ಒಬ್ಬರಿಗೆ ಇನ್ನೊಬ್ಬರಿಂದ ಸಾಲ ಬೇಕು. ಹೆಬ್ಬಾಳ ಬರುವವರೆಗೂ ದುಡ್ಡಿನ ಮಾತು ಎತ್ತಬಾರದು. 200 ಪದ, 15 ನಿಮಿಷ, ಮನಸ್ಸು, ನೆನಪು, ಮೌನ, ನೋವು ಎಂಬ ನಾಲ್ಕು ಪದ ನಿಷಿದ್ಧ. 15ಕ್ಕಿಂತ ಹೆಚ್ಚು ಕೊಟ್ಟರೆ ಬರೆದದ್ದನ್ನು ಚಂದ ಮಾಡಲು ಕೂರುತ್ತಾರೆ.

ದುಡ್ಡಿನ ವಿಷಯ. ಶುಲ್ಕವನ್ನು ನಿಮ್ಮ ಕಥೆಗೆ ಸಿಗುವ ನಿಮಿಷದಿಂದ ಭಾಗಿಸಿ ನೋಡಿ, ಅಗ್ಗದ್ದು ಯಾವುದು ಅಂತ ತಿಳಿಯುತ್ತದೆ. ಪ್ರಮಾಣಪತ್ರವನ್ನು ಯಾವ ಸಂಪಾದಕರೂ ಕೇಳುವುದಿಲ್ಲ. "ಭಾಗವಹಿಸಿದವರ ಕಥೆಗಳ ಸಂಕಲನ ತರುತ್ತೇವೆ" ಅಂದರೆ ಪ್ರತಿಗಳನ್ನು ನೀವೇ ಕೊಳ್ಳಬೇಕೇ, ಹಕ್ಕು ಯಾರದು ಅಂತ ಬರವಣಿಗೆಯಲ್ಲಿ ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದ ಹಕ್ಕು ಬರೆದವರದೇ, ನೋಂದಣಿ ಬೇಕಿಲ್ಲ. ಹಕ್ಕು ವರ್ಗಾಯಿಸಲು ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿ ಬರೆದಿರದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಪರಿಗಣಿಸುತ್ತದೆ.

ಇನ್ನೊಂದು ಎಡವಟ್ಟು ಕಮ್ಮಟ ಮುಗಿದ ಮೇಲೆ ಆಗುತ್ತದೆ. ಖುಷಿಗೆ ಕಥೆಯನ್ನು ಫೇಸ್‌ಬುಕ್‌ಗೆ ಹಾಕಿಬಿಡುತ್ತಾರೆ. ಪತ್ರಿಕೆಗಳ ದೀಪಾವಳಿ, ಯುಗಾದಿ ಕಥಾಸ್ಪರ್ಧೆಗಳಿಗೆ ಸಾಮಾನ್ಯವಾಗಿ ಎಲ್ಲಿಯೂ ಪ್ರಕಟವಾಗದ ಕಥೆಯೇ ಬೇಕು, ಜಾಲತಾಣವೂ ಲೆಕ್ಕಕ್ಕೆ ಬರುತ್ತದೆ. ಎಂಟು ಜನರ ಖಾಸಗಿ ಕಡತ ಪ್ರಕಟಣೆಯಲ್ಲ, ಎಂಟು ನೂರು ಜನರ ತೆರೆದ ಗುಂಪು ಪ್ರಕಟಣೆಯೇ.

ವಾಟ್ಸಾಪ್ ಗುಂಪು ಏನು ಮಾಡುವುದು? ಮುಚ್ಚುವುದು. ಒಂಬತ್ತನೆಯ ವಾರಕ್ಕೆ ಅದು ಶುಭೋದಯದ ಹೂವುಗಳಿಗೆ ಮೀಸಲಾಗಿರುತ್ತದೆ. ಎರಡನೆಯ ಕರಡು ಕಳಿಸಿದವರನ್ನು ಮಾತ್ರ ಸೇರಿಸಿ ಹೊಸ ಗುಂಪು ಮಾಡಿ. ಎಂಟರಲ್ಲಿ ಮೂರೋ ನಾಲ್ಕೋ ಜನ ಸಿಗುತ್ತಾರೆ. ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ 3 ಗಂಟೆ, ಬುಧವಾರದೊಳಗೆ ಕಥೆ. ಮೊದಲ ಸರದಿ ಯಾರದು ಅಂತ ಗುಂಪು ಮಾಡಿದ ದಿನವೇ ಬರೆದು ಹಾಕಿ.