14 ಹಾಳೆಗಳಲ್ಲಿ ಒಂದು ಕಿತ್ತಳೆ: ಮಕ್ಕಳಿಗೆ ಎಂಆರ್‌ಐ ತೋರಿಸುತ್ತಾ ಕಲಿತದ್ದು

ನಾನು ಎಂಆರ್‌ಐ ಟೆಕ್ನಾಲಜಿಸ್ಟ್. ರೋಗಿಯನ್ನು ಮಲಗಿಸಿ, ಸ್ವಲ್ಪ ಹೊತ್ತು ಅಲುಗಾಡಬೇಡಿ ಅಂತ ಹೇಳಿ, ಗಾಜಿನ ಈಚೆ ಕೂತು ದೇಹದ ಒಳಗಿನ ಚಿತ್ರ ತೆಗೆಯೋದು ನನ್ನ ಕೆಲಸ. ಕೆಲವು ವರ್ಷಗಳಿಂದ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ನಮ್ಮ ವಿಭಾಗ ನೋಡಲು ಬರುವ ಹೈಸ್ಕೂಲ್ ಮಕ್ಕಳ ಜೊತೆ ಮಾತಾಡೋದು.

ಮೊದಲ ಸಲ ಸುಮಾರು 60 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಮಿದುಳಿನ ತೂಕ ಸುಮಾರು 1.4 ಕೆಜಿ, ಅದರಲ್ಲಿ ಸುಮಾರು 8,600 ಕೋಟಿ ನರಕೋಶ, ದೇಹದ ತೂಕದಲ್ಲಿ ಶೇ. 2ರಷ್ಟೇ ಇದ್ದರೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು, ಹೀಗೆ. ಎಲ್ಲವೂ ನನಗೆ ತುಂಬಾ ಇಷ್ಟದ ವಿಷಯ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ಕೊನೆಗೆ ಬಂದದ್ದು ಒಂದೇ ಪ್ರಶ್ನೆ: "ಮೇಡಂ, ಇದು ಪರೀಕ್ಷೆಗೆ ಬರುತ್ತಾ?"

ಅದೇ ದಿನ ಇನ್ನೂ ದೊಡ್ಡ ತಪ್ಪೊಂದು ಮಾಡಿದೆ. ಕುತೂಹಲ ಬರಲಿ ಅಂತ, ಹೆಸರು ತೆಗೆದ ಒಂದು ಗಡ್ಡೆಯ ಸ್ಕ್ಯಾನ್ ತೋರಿಸಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಮುಖ ತಿರುಗಿಸಿಕೊಂಡಳು. ಅವಳ ಅಜ್ಜನಿಗೆ ಅದೇ ಕಾಯಿಲೆಗೆ ಚಿಕಿತ್ಸೆ ನಡೀತಿದೆ ಅಂತ ಅವರ ಟೀಚರ್ ಆಮೇಲೆ ಹೇಳಿದರು. ನಮಗೆ ದಿನಾ ನೋಡಿ ರೂಢಿಯಾದ ಚಿತ್ರ ಬೇರೆ ಯಾರದೋ ಮನೆಯ ಕಷ್ಟ. ಅವತ್ತಿಂದ ನಾನು ರೋಗಿಗಳ ಚಿತ್ರ ಮಕ್ಕಳಿಗೆ ತೋರಿಸಿಲ್ಲ. ತೋರಿಸೋದು ನನ್ನದೇ ಮಿದುಳು. ಹಿಂದೆ ಯಂತ್ರದ ಪರೀಕ್ಷೆಗೆ ನಾನೇ ಒಳಗೆ ಮಲಗಿದ್ದಾಗ ತೆಗೆದದ್ದು. "ಇದು ನನ್ನ ತಲೆಯ ಒಳಗಡೆ" ಅಂದ ಕೂಡಲೇ ಮಕ್ಕಳು ಒಮ್ಮೆ ಪರದೆ ನೋಡ್ತಾರೆ, ಒಮ್ಮೆ ನನ್ನ ಹಣೆ ನೋಡ್ತಾರೆ.

ಆದರೆ ಈಗ ಶುರು ಮಾಡೋದು ಮಿದುಳಿಂದ ಅಲ್ಲ, ಒಂದು ಕಿತ್ತಳೆ ಹಣ್ಣಿಂದ. ಒಂದು ಭಾನುವಾರ ರೋಗಿಗಳು ಯಾರೂ ಇಲ್ಲದಾಗ, ಮುಖ್ಯಸ್ಥರ ಒಪ್ಪಿಗೆ ಪಡೆದು, ತಲೆಗೆ ಬಳಸುವ ಕಾಯಿಲ್ (ಒಳಗಿಂದ ಬರುವ ಸಂಕೇತ ಹಿಡಿಯುವ ಸಾಧನ) ಒಳಗೆ ಕಿತ್ತಳೆ ಇಟ್ಟು ಸ್ಕ್ಯಾನ್ ಮಾಡಿದೆ. 5 ಮಿಲಿಮೀಟರ್ ದಪ್ಪದ ಪದರಗಳು, ಒಟ್ಟು 14. ಪ್ರಿಂಟ್ ತೆಗೆದು, ನಂಬರ್ ಹಾಕದೆ, ಕಲಸಿ ಮಕ್ಕಳ ಕೈಗೆ ಕೊಡ್ತೀನಿ. ಇದು ಏನು ಅಂತ ಹೇಳಲ್ಲ. "ಸರಿಯಾದ ಕ್ರಮದಲ್ಲಿ ಜೋಡಿಸಿ" ಅಂತ ಅಷ್ಟೇ.

ಮೊದಲು ಸೈಕಲ್ ಚಕ್ರ ಅಂತಾರೆ, ಹೂವು ಅಂತಾರೆ. ರಸ ಇರುವ ಕಡೆ ಬೆಳ್ಳಗೆ, ತೊಳೆಗಳ ನಡುವಿನ ಪೊರೆ ಕಪ್ಪು ಗೆರೆ. ಚಿಕ್ಕ ವೃತ್ತದ ಹಾಳೆಗಳು ತುದಿಯವು, ದೊಡ್ಡವು ನಡುವಿನವು ಅನ್ನೋದು ಬೇಗ ಗೊತ್ತಾಗುತ್ತೆ. ಆದರೆ ತುದಿ ಎರಡಿವೆ, ಯಾವ ಚಿಕ್ಕ ವೃತ್ತ ಯಾವ ಕಡೆಯದು ಅಂತ ಅಲ್ಲಿ ಜಗಳ ಶುರುವಾಗುತ್ತೆ. ಒಂದು ತಂಡದಲ್ಲಿ ಒಬ್ಬ ಹುಡುಗ, ಅಲ್ಲಿವರೆಗೂ ಮಾತೇ ಆಡದವನು, ಬೀಜದ ಮೇಲೆ ಬೆರಳಿಟ್ಟ. "ಈ ಬೀಜ ಪಕ್ಕದ ಹಾಳೇಲೂ ಇದೇ ಜಾಗದಲ್ಲಿ ಇರಬೇಕಲ್ವಾ?" ಎಂದ. ಸ್ಕ್ಯಾನ್ ನೋಡಿ ವರದಿ ಕೊಡುವ ಡಾಕ್ಟರ್, ಅಂದ್ರೆ ರೇಡಿಯಾಲಜಿಸ್ಟ್, ಒಂದು ರಕ್ತನಾಳವನ್ನು ಪದರದಿಂದ ಪದರಕ್ಕೆ ಹಿಂಬಾಲಿಸೋದು ಹೀಗೇ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ 14ನ್ನು 5ರಿಂದ ಗುಣಿಸಿ, ಹಣ್ಣು 7 ಸೆಂಟಿಮೀಟರ್ ಉದ್ದ ಅಂತ ಕತ್ತರಿಸದೇ ಲೆಕ್ಕ ಹಾಕಿದರು.

ಇಷ್ಟಾದ ಮೇಲೆ ಮಕ್ಕಳೇ ಕೇಳ್ತಾರೆ, ಚಾಕು ಇಲ್ಲದೆ ಹೇಗೆ ಕತ್ತರಿಸಿದ್ರಿ ಅಂತ. ಆಗ ವಿವರಿಸಿದರೆ ಕಿವಿ ತೆರೆದಿರುತ್ತೆ. ನಮ್ಮ ಯಂತ್ರದ ಆಯಸ್ಕಾಂತ 1.5 ಟೆಸ್ಲಾ, ಭೂಮಿಯ ಕಾಂತಶಕ್ತಿಗಿಂತ ಸಾವಿರಾರು ಪಟ್ಟು ಜಾಸ್ತಿ. ನೀರಿನಲ್ಲಿರುವ ಜಲಜನಕದ ಪ್ರೋಟಾನ್‌ಗಳು ಅದರೊಳಗೆ ಬುಗುರಿ ಹಾಗೆ ವಾಲಾಡ್ತಾ ತಿರುಗುತ್ತವೆ, ಸೆಕೆಂಡಿಗೆ ಸುಮಾರು 6.4 ಕೋಟಿ ಸಲ. ಸೆಕೆಂಡಿಗೆ ಅಷ್ಟೇ ಸಲ ಕಂಪಿಸುವ ರೇಡಿಯೋ ತರಂಗ ಕಳಿಸಿದರೆ ಮಾತ್ರ ಅವು ಓಗೊಡುತ್ತವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಮಾತ್ರ ಮೇಲೆ ಹೋಗುತ್ತಲ್ಲ, ಹಾಗೆ. ಮರಳಿ ಬರುವ ಆ ದನಿಯಿಂದಲೇ ಚಿತ್ರ. ಎಕ್ಸ್‌ರೇ ಇಲ್ಲ, ಆದರೆ ಕಬ್ಬಿಣದ ವಸ್ತು ಎಳೆದುಕೊಳ್ಳುವ ಆ ಆಯಸ್ಕಾಂತ ರಾತ್ರಿ ಕೂಡ ಆಫ್ ಆಗಲ್ಲ, ಅದಕ್ಕೇ ಮಕ್ಕಳನ್ನು ಒಳಗೆ ಬಿಡದೆ ಕಂಟ್ರೋಲ್ ರೂಮಿನಲ್ಲೇ ನಿಲ್ಲಿಸ್ತೀನಿ.

ಒಂದು ಪ್ರಶ್ನೆ ಪ್ರತಿ ಸಲ ಬರುತ್ತೆ: ಇದರಲ್ಲಿ ಯೋಚನೆ ಕಾಣುತ್ತಾ? 1990ರಲ್ಲಿ ವಿಜ್ಞಾನಿ ಸೀಜಿ ಒಗಾವಾ, ರಕ್ತದಲ್ಲಿನ ಆಮ್ಲಜನಕದ ಏರಿಳಿತ ಎಂಆರ್‌ಐ ಚಿತ್ರದಲ್ಲಿ ಕಾಣುತ್ತೆ ಅಂತ ತೋರಿಸಿದರು. ಕೆಲಸ ಮಾಡುವ ಭಾಗಕ್ಕೆ ರಕ್ತ ಜಾಸ್ತಿ ಹರಿಯುತ್ತೆ, ಅದೂ ಕೆಲವು ಸೆಕೆಂಡು ತಡವಾಗಿ. ನಮಗೆ ಸಿಗೋದು ಆ ಗುರುತು, ಯೋಚನೆ ಅಲ್ಲ. ಇದನ್ನು ಕೇಳಿ ಒಬ್ಬಳು, "ಅಂದ್ರೆ ನೆರಳು ನೋಡಿ ಯಾರು ಅಂತ ಹೇಳೋ ಥರ" ಅಂದಳು. ಈಗ ನಾನೂ ಹಾಗೇ ಹೇಳ್ತೀನಿ.

ಇದಕ್ಕೆಲ್ಲ ಡಾಕ್ಟರೇ ಆಗಬೇಕು ಅಂದುಕೊಂಡಿರ್ತಾರೆ. ಎಕ್ಸ್‌ರೇ ಬಳಸಿ ದೇಹದ ಪದರಗಳನ್ನು ತೋರಿಸುವ ಸಿಟಿ ಸ್ಕ್ಯಾನ್‌ಗೆ 1979ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಹೌನ್ಸ್‌ಫೀಲ್ಡ್ ಇಂಜಿನಿಯರ್, ಕಾರ್ಮ್ಯಾಕ್ ಭೌತವಿಜ್ಞಾನಿ. ಎಂಆರ್‌ಐಗೆ 2003ರಲ್ಲಿ ಪಡೆದ ಲಾಟರ್‌ಬರ್ ರಸಾಯನ ವಿಜ್ಞಾನಿ, ಮ್ಯಾನ್ಸ್‌ಫೀಲ್ಡ್ ಭೌತವಿಜ್ಞಾನಿ. ಮ್ಯಾನ್ಸ್‌ಫೀಲ್ಡ್ 15ನೇ ವಯಸ್ಸಿಗೆ ಶಾಲೆ ಬಿಟ್ಟವರು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಹೋದ ಸಲ ಬಂದ ತಂಡದಲ್ಲಿ ಒಬ್ಬ ಹುಡುಗಿ ಜೋಡಿಸಿ ಮುಗಿಸಿದ ಮೇಲೆ ಒಂದು ಖಾಲಿ ಹಾಳೆ ಕೇಳಿದಳು. 6 ಮತ್ತು 7ನೇ ಪದರದ ನಡುವೆ ಏನಿರಬಹುದು ಅಂತ ಪೆನ್ಸಿಲ್‌ನಲ್ಲಿ ಚಿತ್ರ ಬರೆದಳು, ಬೀಜದ ಸಮೇತ. ಅದೇ ಹಣ್ಣನ್ನು 1 ಮಿಲಿಮೀಟರ್ ಪದರಗಳಲ್ಲೂ ತೆಗೆದಿಟ್ಟಿದ್ದೆ, ಅದನ್ನು ಮಾನಿಟರಿನಲ್ಲಿ ತೆರೆದೆ. ಪೊರೆಗಳು ಹೆಚ್ಚುಕಡಿಮೆ ಅವಳು ಬರೆದ ಹಾಗೇ ಇದ್ದವು. ಬೀಜ ಮಾತ್ರ ಸ್ವಲ್ಪ ಎಡಕ್ಕಿತ್ತು. ಶಹಬ್ಬಾಸ್ ಅಂದೆ, ಅವಳು ಕೇಳಿಸಿಕೊಳ್ಳಲೇ ಇಲ್ಲ. "ಯಾಕೆ ಎಡಕ್ಕೆ ಹೋಯ್ತು ಮೇಡಂ?" ಅಂತ ಕೇಳಿ, ಒಂದೊಂದೇ ಪದರ ಹಿಂದೆ ಮುಂದೆ ಮಾಡ್ತಾ ಅಲ್ಲೇ ಕೂತಳು. ಟೀಚರ್ ಎರಡು ಸಲ ಬಂದು ಕರೆದರು.